ಬೂದಿಯ ನೆಲ, ಬೆಟ್ಟದ ಕಥೆ: ಮಜಾಮಾ ಪರ್ವತದ ಸ್ಫೋಟ ಮತ್ತು ವಾಯವ್ಯ ಅಮೆರಿಕದ ಅರಣ್ಯಮಣ್ಣು

ಅಮೆರಿಕ ಸಂಯುಕ್ತ ಸಂಸ್ಥಾನದ ಆರೆಗನ್ ರಾಜ್ಯದಲ್ಲಿ, ಕ್ಯಾಸ್ಕೇಡ್ ಪರ್ವತಶ್ರೇಣಿಯ ನೆತ್ತಿಯ ಮೇಲೆ ದುಂಡನೆಯ ಒಂದು ಸರೋವರವಿದೆ. ಕ್ರೇಟರ್ ಲೇಕ್ ಎಂದು ಪ್ರಸಿದ್ಧವಾದ ಈ ಸರೋವರದ ಆಳ 594 ಮೀಟರ್. ಅದಕ್ಕೆ ಬಂದು ಸೇರುವ ನದಿಯಿಲ್ಲ, ಅದರಿಂದ ಹೊರಡುವ ನದಿಯೂ ಇಲ್ಲ. ಮಳೆ ಮತ್ತು ಹಿಮದ ನೀರೇ ಅದರ ಆಧಾರ. ಸುಮಾರು 7,700 ವರ್ಷಗಳ ಹಿಂದೆ ಈ ಸ್ಥಳದಲ್ಲಿ ಸುಮಾರು 3,700 ಮೀಟರ್ ಎತ್ತರದ ಜ್ವಾಲಾಮುಖಿ ಪರ್ವತವೊಂದು ನಿಂತಿತ್ತು. ಅದು ಸುಮಾರು 50 ಘನ ಕಿಲೋಮೀಟರಿನಷ್ಟು ಶಿಲಾರಸವನ್ನು ಉಗುಳಿ, ತನ್ನ ಒಡಲು ಬರಿದಾದಾಗ ತನ್ನೊಳಕ್ಕೆ ತಾನೇ ಕುಸಿಯಿತು. ಉಳಿದ ಕುಳಿಯಲ್ಲಿ ಶತಮಾನಗಳ ಕಾಲ ನೀರು ತುಂಬಿ ಸರೋವರವಾಯಿತು. ಇಲ್ಲದ ಆ ಬೆಟ್ಟಕ್ಕೆ ವಿದ್ವಾಂಸರು ಬಳಸುವ ಮಜಾಮಾ ಎಂಬ ಹೆಸರು 1896ರಲ್ಲಿ ಪರ್ವತಾರೋಹಿಗಳ ಸಂಘವೊಂದರಿಂದ ಬಂದದ್ದು. ನೆಲದ ಮೂಲನಿವಾಸಿಗಳಾದ ಕ್ಲಾಮತ್ ಜನರಿಗೆ ಸರೋವರವು ಗೀವಾಸ್. ಬೆಟ್ಟವು ಲಾವೋ ಎಂಬ ಪಾತಾಳದೊಡೆಯನ ಮನೆ.

ಈ ಒಂದು ಘಟನೆ ಎರಡು ದಾಖಲೆಗಳನ್ನು ಬಿಟ್ಟುಹೋಗಿದೆ. ಒಂದು ಕ್ಲಾಮತ್ ಜನರ ಬಾಯಲ್ಲಿ ಉಳಿದ ಕಥೆ. ಇನ್ನೊಂದು, ಸರೋವರದಿಂದ 600 ಕಿಲೋಮೀಟರಿಗೂ ಆಚೆ, ಐಡಹೋ, ಮಾಂಟಾನಾ ಮತ್ತು ವಾಷಿಂಗ್ಟನ್ ರಾಜ್ಯಗಳ ಶೀತಲವಾದ, ತೇವಭರಿತ ಪರ್ವತಗಳ ಕಾಡಿನಡಿ ಗೇಣಿನಿಂದ ಮೊಳದವರೆಗೆ ಹಾಸಿಕೊಂಡಿರುವ ಬೂದಿಮಣ್ಣು. ಮೊದಲನೆಯದು ಜಾನಪದದ ವಿಷಯ, ಎರಡನೆಯದು ಮಣ್ಣುಶಾಸ್ತ್ರದ ವಿಷಯವೆಂದು ಬೇರ್ಪಡಿಸುವುದು ರೂಢಿ. ಆದರೆ ಇವೆರಡನ್ನೂ ಹೊರಗಿನ ವಿದ್ವತ್ತು ಓದಿಕೊಂಡ ಬಗೆಯಲ್ಲಿ ಸಾಮ್ಯವಿದೆ. ಇವೆರಡಕ್ಕೂ ಒದಗಿದ ಅಪಾಯದಲ್ಲಿಯೂ ಸಾಮ್ಯವಿದೆ. ಆದುದರಿಂದ ಒಟ್ಟಿಗೇ ಪರಿಶೀಲಿಸುವುದು ಉಚಿತ.

ಮೊದಲು ಕಥೆಯನ್ನು ನೋಡಬಹುದು. 1865ರಲ್ಲಿ ಲಾಲೆಕ್ ಎಂಬ ಕ್ಲಾಮತ್ ಹಿರಿಯನು ಕ್ಲಾಮತ್ ಕೋಟೆಯಲ್ಲಿದ್ದ ವಿಲಿಯಂ ಕಾಲ್ವಿಗ್ ಎಂಬ ತರುಣ ಸೈನಿಕನಿಗೆ ಇದನ್ನು ಹೇಳಿದನು. ಎಲಾ ಕ್ಲಾರ್ಕ್ 1953ರಲ್ಲಿ ಪ್ರಕಟಿಸಿದ ವಾಯವ್ಯ ಪ್ರದೇಶದ ಐತಿಹ್ಯಗಳ ಸಂಕಲನದ ಮೂಲಕ ಅದು ವ್ಯಾಪಕವಾಗಿ ಓದುಗರನ್ನು ತಲುಪಿತು. ಪಾತಾಳದ ಒಡೆಯ ಲಾವೋ ಭೂಮಿಯ ಮೇಲೆ ಬಂದಾಗ ಈ ಬೆಟ್ಟದ ತುದಿಯಲ್ಲಿ ನಿಲ್ಲುತ್ತಿದ್ದನು. ನಾಯಕನ ಮಗಳು ಲೋಹಾಳನ್ನು ಕಂಡು ಬಯಸಿದನು. ಅವಳು ಒಲ್ಲೆನೆಂದಳು, ಜನ ಅವಳನ್ನು ಅಡಗಿಸಿಟ್ಟರು. ಕುಪಿತನಾದ ಲಾವೋ ಬೆಂಕಿಯಿಂದ ಜನರನ್ನು ನಾಶಮಾಡಲು ಹೊರಟನು. ಆಗ ಮೇಲು ಲೋಕದ ಒಡೆಯ ಸ್ಕೆಲ್ ದಕ್ಷಿಣದ ಶಾಸ್ತಾ ಪರ್ವತದ ಮೇಲೆ ಇಳಿದು ನಿಂತು ಅವನೊಡನೆ ಕಾದಿದನು. ಕೆಂಪಗೆ ಕಾದ ಬಂಡೆಗಳು ಹಾರಾಡಿದವು, ಬೂದಿ ಸುರಿಯಿತು, ಕಾಡು ಹೊತ್ತಿ ಉರಿಯಿತು, ಜನ ಓಡಿ ನೀರಿಗಿಳಿದರು. ಇಬ್ಬರು ವೃದ್ಧ ವೈದ್ಯ ಪುರೋಹಿತರು ಕೈಯಲ್ಲಿ ಪಂಜು ಹಿಡಿದು ಬೆಟ್ಟವನ್ನೇರಿ ಬೆಂಕಿಯ ಕುಳಿಗೆ ಹಾರಿ ತಮ್ಮನ್ನೇ ಬಲಿಯಾಗಿ ಕೊಟ್ಟುಕೊಂಡರು. ಸ್ಕೆಲ್ ಗೆದ್ದನು, ಲಾವೋನನ್ನು ಪಾತಾಳಕ್ಕೆ ತಳ್ಳಿದನು, ಬೆಟ್ಟದ ತುದಿ ಅವನ ಮೇಲೆ ಕುಸಿಯಿತು.

ಜ್ವಾಲಾಮುಖಿಯ ವರ್ತನೆಯನ್ನು ಬಲ್ಲವರಿಗೆ ಈ ಕಥೆಯ ಕೊನೆ ಗಮನಾರ್ಹವಾಗಿದೆ. ಬೆಟ್ಟದ ತುದಿ ಸಿಡಿದು ಹಾರಿಹೋಯಿತೆಂದು ಕಥೆ ಹೇಳುವುದಿಲ್ಲ, ಕುಸಿಯಿತೆಂದು ಹೇಳುತ್ತದೆ. ತುದಿ ಸಿಡಿದುಹೋಯಿತೋ ಒಳಕ್ಕೆ ಕುಸಿಯಿತೋ ಎಂಬುದು ಭೂವಿಜ್ಞಾನಿಗಳಲ್ಲಿಯೂ ಚರ್ಚೆಯ ವಿಷಯವಾಗಿತ್ತು. ಹೋವೆಲ್ ವಿಲಿಯಮ್ಸ್ 1942ರ ತಮ್ಮ ಗ್ರಂಥದಲ್ಲಿ ಕುಸಿತದ ವಾದವನ್ನು ದೃಢಪಡಿಸಿದರು. ಇಂಥ ಸಾಮ್ಯಗಳ ಅಧ್ಯಯನಕ್ಕೆ ಡೊರೊಥಿ ವಿಟಾಲಿಯಾನೊ 1968ರಲ್ಲಿ ಒಂದು ಹೊಸ ಹೆಸರನ್ನೇ ಟಂಕಿಸಿದರು. ಕನ್ನಡದಲ್ಲಿ ಅದನ್ನು ಭೂಪುರಾಣಶಾಸ್ತ್ರ ಎನ್ನಬಹುದು.

ಆದರೆ ಇಲ್ಲಿ ಎಚ್ಚರ ಅಗತ್ಯ. ಕುಳಿಯನ್ನು ಕಣ್ಣಾರೆ ಕಂಡ ಜನ ಅದರ ಆಕಾರವನ್ನು ವಿವರಿಸಲು ಅನಂತರ ಕಟ್ಟಿದ ಕಥೆಯೂ ಹೀಗೆಯೇ ಇರಬಹುದು. ಕಥೆ ನಮಗೆ ದೊರೆತಿರುವುದು ಪರಭಾಷೆಯ ಸೈನಿಕನೊಬ್ಬನ ನೆನಪಿನ ಮೂಲಕ. ನಾಯಕನ ಮಗಳನ್ನು ಬಯಸಿದ ದೈತ್ಯನೆಂಬ ಆಶಯದಲ್ಲಿ ಹತ್ತೊಂಬತ್ತನೆಯ ಶತಮಾನದ ಪ್ರಣಯಕಥೆಗಳ ಬಣ್ಣ ಸೇರಿರುವ ಸಂಭವವನ್ನು ತಳ್ಳಿಹಾಕುವಂತಿಲ್ಲ. ಇಷ್ಟಾದರೂ ಒಂದು ಅಂಶ ನಿರ್ವಿವಾದ: ಸ್ಫೋಟದ ಕಾಲಕ್ಕೆ ಆ ನಾಡಿನಲ್ಲಿ ಜನರಿದ್ದರು. 1938ರಲ್ಲಿ ಲೂಥರ್ ಕ್ರೆಸ್‌ಮನ್ ಫೋರ್ಟ್ ರಾಕ್ ಗುಹೆಯನ್ನು ಅಗೆದಾಗ ಮಜಾಮಾ ಬೂದಿಯ ಪದರದ ಕೆಳಗೆ, ಸೇಜ್‌ಬ್ರಷ್ ಪೊದೆಯ ತೊಗಟೆಯಿಂದ ಹೆಣೆದ ಡಜನ್‌ಗಟ್ಟಲೆ ಪಾದರಕ್ಷೆಗಳು ದೊರೆತವು. ಇಂಗಾಲದ ಕಾಲಮಾಪನ ಅವು ಒಂಬತ್ತು ಸಾವಿರ ವರ್ಷಗಳಿಗೂ ಹಿಂದಿನವೆಂದು ತೋರಿಸಿತು. ಬೂದಿ ಬೀಳುವ ಮುನ್ನ ಆ ನೆಲದಲ್ಲಿ ನಡೆದಾಡಿದವರ ಮೆಟ್ಟುಗಳವು. ಕಥೆ ಕಣ್ಣಿಗೆ ಕಂಡದ್ದರ ನೆನಪಾಗಿರಲು ಸಾಧ್ಯ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇರೊಂದಿಲ್ಲ. ನೆನಪೇ ಹೌದು ಎನ್ನಲು ಇದು ಸಾಲದು.

ಎರಡನೆಯ ದಾಖಲೆಯಾದ ಮಣ್ಣಿನ ಕಡೆಗೆ ಈಗ ಬರಬಹುದು. ಬೆಟ್ಟದ ಸಮೀಪ ಬಿದ್ದದ್ದು ಒರಟಾದ ನೊರೆಗಲ್ಲು. ಕ್ಲಾಮತ್ ನಾಡಿನ ಪೈನ್ ಕಾಡುಗಳು ಬೆಳೆದಿರುವುದು ಅದರ ಮೇಲೆ. ಗಾಳಿ ಈಶಾನ್ಯಕ್ಕೆ ಒಯ್ದದ್ದು ಹಿಟ್ಟಿನಂಥ ನುಣುಪಾದ ಬೂದಿ. ಬೂದಿಯೆಂದರೆ ಒಲೆಯ ಬೂದಿಯಲ್ಲ. ಅದು ತಟ್ಟನೆ ತಣಿದ ಶಿಲಾರಸದ ಗಾಜಿನ ಚೂರು. ಬಹು ಕಾಲ ಎಲ್ಲೆಡೆಯ ಬೂದಿಯನ್ನೂ ಒಂದೇ ಎಂದು ಭಾವಿಸುವ ಗೊಂದಲವಿತ್ತು. 1964ರಲ್ಲಿ ಪವರ್ಸ್ ಮತ್ತು ವಿಲ್ಕಾಕ್ಸ್ ಮಜಾಮಾ ಬೂದಿಯನ್ನು ಇನ್ನೂ ಹಳೆಯದಾದ ಗ್ಲೇಸಿಯರ್ ಪೀಕ್ ಬೂದಿಯಿಂದ ಪ್ರತ್ಯೇಕಿಸಿ ತೋರಿಸಿದರು.

ಬೂದಿ ಎಲ್ಲ ಕಡೆಯೂ ಬಿದ್ದಿತು, ಆದರೆ ಎಲ್ಲ ಕಡೆಯೂ ಉಳಿಯಲಿಲ್ಲ. ಬಿಸಿಲಿಗೆ ತೆರೆದ ದಕ್ಷಿಣದ ಇಳಿಜಾರುಗಳಲ್ಲಿ, ಕೆಳಗಿನ ಒಣನೆಲದಲ್ಲಿ ಅದು ಕೊಚ್ಚಿಹೋಯಿತು ಅಥವಾ ಅಡಿಯ ಮಣ್ಣಿನೊಡನೆ ಬೆರೆತುಹೋಯಿತು. ಎತ್ತರದ, ತಂಪಾದ, ಉತ್ತರಕ್ಕೆ ಮುಖಮಾಡಿದ ಇಳಿಜಾರುಗಳಲ್ಲಿ ಫರ್, ಸೀಡರ್, ಹೆಮ್ಲಾಕ್ ಮರಗಳ ದಟ್ಟ ನೆರಳು ಅದನ್ನು ಹಿಡಿದಿಟ್ಟಿತು. ಕಾಡಿದ್ದುದರಿಂದ ಬೂದಿ ಉಳಿಯಿತು. ಬೂದಿಯಿದ್ದುದರಿಂದ ಕಾಡು ಉಳಿಯಿತು. ಆ ಪರ್ವತಗಳಲ್ಲಿ ನೀರು ಬರುವುದು ಬಹುಮಟ್ಟಿಗೆ ಚಳಿಗಾಲದ ಹಿಮವಾಗಿ. ಬೇಸಗೆಯ ಕೊನೆ ಒಣಗಿದ ಕಾಲ. ಹಿಮ ಕರಗಿದ ನೀರನ್ನು ಬೂದಿಮಣ್ಣು ಹೀರಿಟ್ಟುಕೊಂಡು ಆ ದಿನಗಳಲ್ಲಿ ಬೇರಿಗೆ ಒದಗಿಸುತ್ತದೆ. ಅದರಡಿ ಸಾಮಾನ್ಯವಾಗಿ ಕಲ್ಲುಮಿಶ್ರಿತ ಹಳೆಯ ನೆಲವಿರುವುದರಿಂದ ಮರದ ಸಣ್ಣ ಬೇರುಗಳೆಲ್ಲ ಈ ಒಂದು ಮೊಳದೊಳಗೇ ಹೆಣೆದುಕೊಂಡಿರುತ್ತವೆ.

ಕರ್ನಾಟಕದ ಓದುಗರಿಗೆ ಜ್ವಾಲಾಮುಖಿಯ ಮಣ್ಣೆಂದರೆ ನೆನಪಾಗುವುದು ಉತ್ತರದ ಜಿಲ್ಲೆಗಳ ಎರೆ. ಅಲ್ಲಿ ಅದು ಬಹುಮಟ್ಟಿಗೆ ದಖನ್ನಿನ ಲಾವಾಶಿಲೆ ಸವೆದು ಆದದ್ದು. ತೂಕದ್ದು, ಅಂಟು ಸ್ವಭಾವದ್ದು, ಒಣಗಿದರೆ ಬಿರಿಯುವಂಥದ್ದು. ಬೂದಿಮಣ್ಣು ಇದಕ್ಕೆ ತದ್ವಿರುದ್ಧ. ಸಾಮಾನ್ಯ ಹೊಲದ ಮಣ್ಣು ಘನ ಸೆಂಟಿಮೀಟರಿಗೆ 1.3 ಗ್ರಾಂ ಆಸುಪಾಸು ತೂಗಿದರೆ ಇದು 0.9 ಗ್ರಾಮಿಗಿಂತ ಕಡಿಮೆ. ತೇವದಲ್ಲಿ ಗಾಜು ಸವೆದಾಗ ಹರಳಿನ ಕ್ರಮಬದ್ಧ ರಚನೆಯಿಲ್ಲದ ಅಲೋಫೇನ್ ಎಂಬ ಅತಿ ಸೂಕ್ಷ್ಮ ಖನಿಜ ಹುಟ್ಟುತ್ತದೆ. ನೀರನ್ನು ಹಿಡಿಯುವ ಗುಣ ಹೆಚ್ಚುವುದು ಇದರಿಂದಲೇ. ರಂಜಕವನ್ನು ಗಿಡಕ್ಕೆ ದಕ್ಕದಂತೆ ಬಿಗಿದಿಡುವ ಗುಣವೂ ಇದರದೇ. ಚಳಿಯಲ್ಲಿ ಎಲೆ, ಬೇರು ನಿಧಾನವಾಗಿ ಕೊಳೆಯುವುದರಿಂದ ಸಾವಯವ ಅಂಶ ಶೇಖರವಾಗುತ್ತದೆ. ಸಾರದ ದೃಷ್ಟಿಯಿಂದ ಇದು ಸಿರಿವಂತ ಮಣ್ಣೇನಲ್ಲ. ಇದರ ಸಿರಿಯೆಲ್ಲ ನೀರಿನಲ್ಲಿದೆ.

ಇಂಥ ಮಣ್ಣಿಗೆ ಶಾಸ್ತ್ರದಲ್ಲಿ ಸ್ಥಾನ ದೊರೆತ ಇತಿಹಾಸ ಕುತೂಹಲಕರವಾಗಿದೆ. ಜಪಾನಿನ ರೈತರು ಬೂದಿಯ ಕಪ್ಪುಮಣ್ಣನ್ನು ಕುರೊಬೊಕು ಎನ್ನುತ್ತಾರೆ. ಕುರೊ ಎಂದರೆ ಕಪ್ಪು; ಬೊಕು ಎಂಬುದು ಆ ಹಗುರ ನೆಲವನ್ನು ತುಳಿದಾಗಿನ ಅನುಭವವನ್ನು ಅನುಕರಿಸುವ ಪದವೆಂದು ವಿವರಿಸಲಾಗುತ್ತದೆ. ಎರೆ, ಮಸಾರಿ ಎಂದು ನೆಲವನ್ನು ಕಂಡೊಡನೆ ಗುರುತಿಸುವ ನಮ್ಮ ರೈತರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಎರಡನೆಯ ಮಹಾಯುದ್ಧದ ತರುವಾಯ ಜಪಾನಿನಲ್ಲಿ ಸಮೀಕ್ಷೆ ನಡೆಸಿದ ಅಮೆರಿಕದ ತಜ್ಞರು ‘ಕಪ್ಪುಮಣ್ಣು’ ಎಂಬ ಅರ್ಥದ ಜಪಾನಿ ಪದದಿಂದ ‘ಆಂಡೊ’ ಎಂಬ ಹೆಸರನ್ನು ರೂಢಿಸಿದರು. ಆದರೂ 1975ರ ಅಮೆರಿಕದ ವರ್ಗೀಕರಣದಲ್ಲಿ ಈ ಮಣ್ಣಿಗೆ ಸ್ವತಂತ್ರ ವರ್ಗವಿರಲಿಲ್ಲ. ಇನ್ನೂ ಈಗಷ್ಟೇ ಆರಂಭವಾದ, ಪಕ್ವವಾಗದ ಮಣ್ಣುಗಳ ವರ್ಗದಲ್ಲಿ ಉಪವಿಭಾಗವಾಗಿ ಅದನ್ನು ಇರಿಸಲಾಗಿತ್ತು. ಮೌಖಿಕ ಕಥೆಗಳನ್ನು ಮಾನವಕುಲದ ಬಾಲ್ಯದ ಕಲ್ಪನೆಗಳೆಂದು ಕರೆದ ಹಿಂದಿನ ವಿದ್ವಾಂಸರ ಮಾತು ಇಲ್ಲಿ ನೆನಪಾಗದಿರದು. ಗೈ ಸ್ಮಿತ್ 1978ರಲ್ಲಿ ಮಂಡಿಸಿದ ಪ್ರಸ್ತಾವ, ನ್ಯೂಜಿಲೆಂಡಿನ ಮೈಕೆಲ್ ಲೀಮಿ ಅವರ ನೇತೃತ್ವದ ಅಂತರರಾಷ್ಟ್ರೀಯ ಸಮಿತಿಯ ದೀರ್ಘ ಪರಿಶ್ರಮ, ಇವುಗಳ ಫಲವಾಗಿ 1990ರಲ್ಲಿ ಆಂಡಿಸಾಲ್ ಎಂಬ ಹನ್ನೊಂದನೆಯ ವರ್ಗ ಅಂಗೀಕೃತವಾಯಿತು. ಐಡಹೋದ ಕೊರ್ ಡಲೇನ್ ನಗರದಲ್ಲಿ 2005ರ ನವೆಂಬರಿನಲ್ಲಿ ಈ ಪ್ರದೇಶದ ಬೂದಿಮಣ್ಣಿಗಾಗಿಯೇ ಒಂದು ಸಮ್ಮೇಳನ ನಡೆಯಿತು. ಅದರ ಪ್ರಬಂಧಗಳನ್ನು ಅಮೆರಿಕದ ಅರಣ್ಯ ಇಲಾಖೆ 2007ರಲ್ಲಿ ಪ್ರಕಟಿಸಿತು.

ಅಷ್ಟರಲ್ಲಿ ಬಹಳಷ್ಟು ನೆಲ ಹಾಳಾಗಿತ್ತು. ಹಗುರವಾದ ಈ ಮಣ್ಣಿನ ಮೇಲೆ ದಿಮ್ಮಿ ಎಳೆಯುವ ಭಾರಿ ಯಂತ್ರ ಹಾಯ್ದರೆ ಒಳಗಿನ ಸಂದುಗಳು ಮುಚ್ಚಿಹೋಗುತ್ತವೆ, ಮತ್ತೆ ಸಡಿಲಾಗಲು ದಶಕಗಳೇ ಬೇಕು. ಕೊಚ್ಚಿಹೋದ ಬೂದಿಯಂತೂ ಮರಳಿ ಬರುವುದಿಲ್ಲ. 1980ರ ಮೇ 18ರಂದು ಸೇಂಟ್ ಹೆಲೆನ್ಸ್ ಪರ್ವತ ಸಿಡಿದಾಗ ಈ ಕಾಡುಗಳ ಮೇಲೆ ಹೊಸ ಬೂದಿ ಬಿದ್ದಿತು, ಆದರೆ ಮಜಾಮಾದ ಹೊದಿಕೆಯ ಮುಂದೆ ಅದು ತೆಳುವಾದ ಲೇಪ ಮಾತ್ರ.

ಐಡಹೋದ ಕ್ಲಿಯರ್‌ವಾಟರ್ ಸೀಮೆಯ ಗ್ರ್ಯಾಂಡ್ ಫರ್ ಕಾಡುಗಳಲ್ಲಿ ನಡೆದದ್ದು ಇನ್ನೂ ಸೂಕ್ಷ್ಮ. ಅಲ್ಲಿ ಬೂದಿ ಕೊಚ್ಚಿಹೋಗಲಿಲ್ಲ, ಇದ್ದಲ್ಲಿಯೇ ಇದೆ. ಅದರ ಗುಣ ಬದಲಾಯಿತು. ಮರಗಳನ್ನು ಪೂರ್ತಿಯಾಗಿ ಕಡಿದ ಕಡೆ ಬ್ರಾಕನ್ ಎಂಬ ಜರಿಗಿಡ ಆಳೆತ್ತರ ಹಬ್ಬಿತು. ನೆಲ ತೋಡುವ ಗೋಫರ್ ಎಂಬ ದಂಶಕ ಪ್ರಾಣಿ ಸಂಖ್ಯೆಯಲ್ಲಿ ಹೆಚ್ಚಿ, ನೆಟ್ಟ ಸಸಿಗಳ ಬೇರನ್ನು ತಿಂದಿತು. ಜರಿಗಿಡದ ಅಡಿಯಲ್ಲಿ ಆಮ್ಲೀಯತೆ ಏರಿದಂತೆ, ಕಾಡಿನಡಿ ಸಿಲಿಕಾದೊಡನೆ ಕೂಡಿ ಅಲೋಫೇನ್ ಆಗುತ್ತಿದ್ದ ಅಲ್ಯೂಮಿನಿಯಂ, ಕೊಳೆತ ಸಸ್ಯಾಂಶದೊಡನೆ ಕೂಡತೊಡಗಿತು. ಅದರ ಒಂದಂಶ ಸಸಿಗಳಿಗೆ ವಿಷವಾಗಬಲ್ಲ ರೂಪದಲ್ಲಿ ಬಿಡುಗಡೆಯಾಯಿತು. ಸಾವಿರಾರು ವರ್ಷ ಒಂದು ಸ್ವಭಾವದಲ್ಲಿದ್ದ ಮಣ್ಣು ಕೆಲವೇ ದಶಕಗಳಲ್ಲಿ ಬೇರೊಂದಾಯಿತು. ಮತ್ತೆ ಮತ್ತೆ ಸಸಿ ನೆಟ್ಟರೂ ಅಂಥ ಎಷ್ಟೋ ಬಯಲುಗಳಲ್ಲಿ ಕಾಡು ಮರಳಲಿಲ್ಲ.

ಕಥೆಯನ್ನು ಹೊತ್ತ ಜನರ ಪಾಡು ಬೇರೆಯಾಗಿರಲಿಲ್ಲ. 1864ರ ಒಪ್ಪಂದದಲ್ಲಿ ಕ್ಲಾಮತ್ ಜನರು, ಅವರೊಡನೆ ಸೇರಿಸಲಾದ ಮೊಡಾಕ್ ಮತ್ತು ಯಾಹೂಸ್ಕಿನ್ ಜನರು ಸುಮಾರು 2.2 ಕೋಟಿ ಎಕರೆ ನೆಲವನ್ನು ಬಿಟ್ಟುಕೊಡಬೇಕಾಯಿತು. ಲಾಲೆಕ್ ಸೈನಿಕನಿಗೆ ಕಥೆ ಹೇಳಿದ್ದು ಅದರ ಮರುವರ್ಷ ಎಂಬುದನ್ನು ಕಥೆಯ ಸಂಪಾದಕರು ಒತ್ತಿಹೇಳಿದಂತೆ ಕಾಣದು. ಸರೋವರದ ಸುತ್ತಣ ನೆಲ 1902ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮೀಸಲು ಪ್ರದೇಶದಲ್ಲಿ ಉಳಿದಿದ್ದ ಪಾಂಡೆರೋಸಾ ಪೈನ್ ಕಾಡು ಆ ಜನರನ್ನು ಸ್ವಾವಲಂಬಿಗಳನ್ನಾಗಿ ಮಾಡಿತ್ತು. ಆ ಸ್ವಾವಲಂಬನೆಯನ್ನೇ ಕಾರಣವಾಗಿ ತೋರಿಸಿ 1954ರ ಕಾಯಿದೆ ಬುಡಕಟ್ಟಿನ ಸರ್ಕಾರಿ ಮಾನ್ಯತೆಯನ್ನು ಕೊನೆಗೊಳಿಸಿತು. 1961ರಲ್ಲಿ ಕಾಡಿನ ಬಹುಭಾಗ ವೈನೀಮಾ ರಾಷ್ಟ್ರೀಯ ಅರಣ್ಯವಾಯಿತು. ಹಿಂದಿನ ಮೀಸಲು ನೆಲದಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಒಪ್ಪಂದದ ಹಕ್ಕು ಅಳಿದಿಲ್ಲವೆಂದು 1974ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. 1986ರಲ್ಲಿ ಮಾನ್ಯತೆಯೂ ಮರಳಿ ದೊರೆಯಿತು. ಲಾವೋನ ಬೆಟ್ಟ ಸುರಿದ ನೊರೆಗಲ್ಲಿನ ಮೇಲೆ ಬೆಳೆದ ಆ ಕಾಡು ಮಾತ್ರ ಅದರೊಡನೆ ಮರಳಲಿಲ್ಲ.