ಕವಲೊಡೆಯುವ ಕರೆಂಟಿನ ಲೆಕ್ಕ

ಕರೆಂಟು ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ ಅನ್ನುವ ಮಾತು ಬೆಂಗಳೂರಿನ ಬೇಗೂರು ಕಡೆಯ ಹೊಸ ಬಡಾವಣೆಗಳಲ್ಲಿ ವೈರಿಂಗ್ ನಡೆಯುವ ಕಡೆಯೆಲ್ಲ ಕೇಳಿಬರುತ್ತದೆ. ಅರ್ಥಿಂಗ್ ಚೆನ್ನಾಗಿದ್ದರೆ ಸೋರಿದ ಕರೆಂಟೆಲ್ಲ ಭೂಮಿಗೆ ಇಳಿದುಬಿಡುತ್ತದೆ, ಮನುಷ್ಯರಿಗೆ ತಾಗುವುದಿಲ್ಲ ಎಂಬ ಧೈರ್ಯ ಆ ಮಾತಿನ ಹಿಂದಿದೆ. ಮಾತು ಅರ್ಧ ನಿಜ, ಆ ಧೈರ್ಯಕ್ಕೆ ಅಷ್ಟೂ ಆಧಾರವಿಲ್ಲ.

ಈ ಕಡೆಯ ಬೋರ್‌ವೆಲ್ ನೀರು ಗಡಸು. ಗೀಸರ್ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟಿ, ಹೊರಕವಚ ಬಿರಿದು, 10 ಆಂಪಿಯರ್ ಸೋರಿತು ಎಂದುಕೊಳ್ಳಿ. ಅರ್ಥಿಂಗ್ ಗುಂಡಿಯ ರೋಧ 5 ಓಮ್, ಒದ್ದೆ ಕೈಯಲ್ಲಿ ಗೀಸರ್ ಮುಟ್ಟಿದವರ ಮೈಯ ರೋಧ ಸುಮಾರು 1000 ಓಮ್. ಎರಡೂ ಸಮಾಂತರದಲ್ಲಿವೆ. ಮೈಯ ಪಾಲಿಗೆ ಬರುವುದು ಇನ್ನೂರರಲ್ಲಿ ಒಂದು ಭಾಗ, ಅಂದರೆ 50 ಮಿಲಿಆಂಪಿಯರ್. ಪಾಲು ಸಣ್ಣದು, ಆದರೆ ಎದೆಬಡಿತದ ಲಯ ತಪ್ಪಿಸಲು ಅಷ್ಟು ಸಾಕಾಗಬಹುದು. ಕರೆಂಟು ಮಿತಿ ಮೀರಿದರೆ ಮಾತ್ರ ಕಡಿಯುವ ಎಂಸಿಬಿ ಈ 10 ಆಂಪಿಯರ್ ಸೋರಿಕೆಗೆ ಕೂಡಲೇ ಬೀಳುತ್ತದೆಂಬ ಭರವಸೆಯೂ ಇಲ್ಲ. ಫೇಸಿನಲ್ಲಿ ಹೋದದ್ದಕ್ಕೂ ನ್ಯೂಟ್ರಲ್‌ನಲ್ಲಿ ಮರಳಿದ್ದಕ್ಕೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಕಡಿದುಹಾಕುವ ಆರ್‌ಸಿಸಿಬಿಯನ್ನು ಮನೆಮನೆಗೂ ಹಾಕಿ ಎಂದು ಹೇಳುವುದು ಇದಕ್ಕಾಗಿಯೇ. ಕರೆಂಟು ಸುಲಭದ ದಾರಿಯನ್ನಷ್ಟೇ ಹಿಡಿಯುವುದಿಲ್ಲ. ತೆರೆದಿರುವ ಎಲ್ಲ ದಾರಿಗಳನ್ನೂ ಹಿಡಿಯುತ್ತದೆ, ಸುಲಭವಾದದ್ದರಲ್ಲಿ ಹೆಚ್ಚು ಹರಿಯುತ್ತದೆ.

ಇದನ್ನು ಮೊದಲು ಬಿಡಿಸಿ ಹೇಳಿದವರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಮುಖ್ಯ. ಮುಟ್ಟಿದವರಿಗೆ ಶಾಕ್ ಹೊಡೆಯುವ ಟಾರ್ಪಿಡೊ ಮೀನು ಉಪ್ಪುನೀರಿನೊಳಗೆ ಇದ್ದುಕೊಂಡೇ ಆ ಕೆಲಸ ಹೇಗೆ ಮಾಡುತ್ತದೆ ಎಂಬುದು ಆ ಕಾಲದ ಒಗಟು. ನೀರೇ ಒಳ್ಳೆಯ ವಾಹಕವಾಗಿರುವಾಗ ವಿದ್ಯುತ್ತು ಮನುಷ್ಯನ ಕೈಗೆ ಯಾಕೆ ಬರಬೇಕು? ಹಲವು ದಾರಿಗಳಿದ್ದರೆ ಪ್ರತಿಯೊಂದರಲ್ಲೂ ಒಂದಿಷ್ಟು ಹರಿಯಲೇಬೇಕು, ತಡೆ ಕಡಿಮೆಯಿದ್ದಲ್ಲಿ ಹೆಚ್ಚು ಹರಿಯುತ್ತದೆ ಎಂದು ಆತ 1776ರ ಪ್ರಬಂಧದಲ್ಲಿ ಉತ್ತರಿಸಿದ. ಓಮ್‌ನ ನಿಯಮ ಬರಲು ಇನ್ನೂ ಅರ್ಧ ಶತಮಾನವಿತ್ತು, ವೋಲ್ಟಾನ ಬ್ಯಾಟರಿಯೂ ಹುಟ್ಟಿರಲಿಲ್ಲ.

ಓಮ್ 1827ರಲ್ಲಿ ವಿಭವಾಂತರ, ಪ್ರವಾಹ, ರೋಧಗಳ ನಂಟನ್ನು ಗಣಿತದಲ್ಲಿ ಕಟ್ಟಿಕೊಟ್ಟ. ಆದರೆ ಕವಲುಗಳ ಜಾಲವನ್ನು ಪೂರ್ತಿ ಬಿಡಿಸುವ ಕೀಲಿ ಸಿಕ್ಕಿದ್ದು 1845ರಲ್ಲಿ, ಗುಸ್ಟಾವ್ ಕಿರ್ಖಾಫ್ ಎಂಬ 21 ವರ್ಷದ ವಿದ್ಯಾರ್ಥಿಯಿಂದ. ಒಂದು ಸಂಧಿಗೆ ಬಂದ ಕರೆಂಟೆಲ್ಲ ಅಲ್ಲಿಂದ ಹೊರಡಬೇಕು. ಒಂದು ಸುತ್ತು ಹಾಕಿ ಬಂದರೆ ವೋಲ್ಟೇಜಿನ ಏರಿಳಿತಗಳ ಮೊತ್ತ ಸೊನ್ನೆಯಾಗಬೇಕು. ಎಸ್ಸೆಸ್ಸೆಲ್ಸಿ ಮಕ್ಕಳು ಮಾಡುವ ಸಮಾಂತರ ಜೋಡಣೆಯ ಲೆಕ್ಕವೆಲ್ಲ ಇದರೊಳಗೇ ಬರುತ್ತದೆ. 2 ಓಮ್ ಮತ್ತು 3 ಓಮ್ ರೋಧಕಗಳಿಗೆ ಒಟ್ಟು 10 ಆಂಪಿಯರ್ ಕೊಟ್ಟರೆ ಮೊದಲನೆಯದಕ್ಕೆ 6, ಎರಡನೆಯದಕ್ಕೆ 4. ಒಂದು ಕವಲಿನ ಪಾಲು ಬೇಕಿದ್ದರೆ ಎದುರು ಕವಲಿನ ರೋಧವನ್ನು ಎರಡರ ಮೊತ್ತದಿಂದ ಭಾಗಿಸಬೇಕು. ಪರೀಕ್ಷೆಯಲ್ಲಿ ಅಂಕ ಹೋಗುವುದು ಈ 'ಎದುರು ಕವಲು' ಎನ್ನುವಲ್ಲಿಯೇ. ಕವಲುಗಳು ಮೂರಾದರೆ ಈ ಸೂತ್ರವನ್ನು ಎಳೆದಾಡುವುದಕ್ಕಿಂತ ರೋಧದ ವ್ಯುತ್ಕ್ರಮವಾದ ವಾಹಕತೆಯ ಪ್ರಮಾಣದಲ್ಲಿ ಪಾಲು ಹಾಕುವುದು ಲೇಸು. ನಮ್ಮಲ್ಲಿ ಅದನ್ನು ಮೊದಲೇ ಯಾಕೆ ಹೇಳಿಕೊಡುವುದಿಲ್ಲವೋ!

ಆಮೇಲೆ ಬಂದ ಮ್ಯಾಕ್ಸ್‌ವೆಲ್‌, ಹೆಲ್ಮ್‌ಹೋಲ್ಟ್ಸ್, ತೆವೆನಿನ್, 1926ರ ನಾರ್ಟನ್ ಇವರ ಕೆಲಸವೆಲ್ಲ ಹೆಚ್ಚುಕಡಿಮೆ ಸಮೀಕರಣಗಳ ಸಂಖ್ಯೆ ಇಳಿಸುವ ಜಾಣ್ಮೆ. ನಿಜವಾದ ತಿರುವು ತಂದದ್ದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು. ಎಸಿಯಲ್ಲಿ ಒಂದು ಕವಲಿನಲ್ಲಿ 3, ಇನ್ನೊಂದರಲ್ಲಿ 4 ಆಂಪಿಯರ್ ಹರಿದು ಒಟ್ಟು 5 ಆಗಬಹುದು. ಒಂದು ರೋಧಕ, ಇನ್ನೊಂದು ಸುರುಳಿಯಾದರೆ ಎರಡರ ಏರಿಳಿತ ಒಂದೇ ಕ್ಷಣಕ್ಕೆ ಬರುವುದಿಲ್ಲ, ಹಾಗಾಗಿ ಹೀಗೆಯೇ ಆಗುತ್ತದೆ. ಕೆಪಾಸಿಟರ್ ಸೇರಿದರೆ ಕವಲಿನ ಕರೆಂಟು ಒಟ್ಟು ಕರೆಂಟಿಗಿಂತ ಹೆಚ್ಚೂ ಇರಬಹುದು. ಈ ಗೋಜಲನ್ನು 1893ರಲ್ಲಿ ಕೆನೆಲಿ ಮತ್ತು ಸ್ಟೈನ್‌ಮೆಟ್ಸ್ ಸಂಕೀರ್ಣ ಸಂಖ್ಯೆಗಳಿಂದ ಬಿಡಿಸಿದರು. ಸೂತ್ರ ಹಳೆಯದೇ ಉಳಿಯಿತು, ರೋಧದ ಜಾಗಕ್ಕೆ ಎಸಿಯ ಒಟ್ಟು ತಡೆಯಾದ ಇಂಪಿಡೆನ್ಸ್ ಬಂತು. ಬೊಮ್ಮಸಂದ್ರದ, ಪೀಣ್ಯದ ಕಾರ್ಖಾನೆಗಳು ಪವರ್ ಫ್ಯಾಕ್ಟರ್ ತಗ್ಗಿದರೆ ಬೀಳುವ ದಂಡ ತಪ್ಪಿಸಲು ಮೋಟರುಗಳ ಪಕ್ಕ ಕೆಪಾಸಿಟರ್ ಪ್ಯಾನೆಲ್ ಕೂರಿಸುವುದು ಇದೇ ಲೆಕ್ಕದ ಮೇಲೆ.

ಎಸಿಯ ಲೆಕ್ಕ ಹೀಗೆ ಬಿಡಿಸಿದ ಒಂಬತ್ತೇ ವರ್ಷಕ್ಕೆ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಊರು ಬೆಳೆದಂತೆ ಒಂದರ ಪಕ್ಕ ಇನ್ನೊಂದು ತಂತಿ, ಇನ್ನೊಂದು ಟ್ರಾನ್ಸ್‌ಫಾರ್ಮರ್ ಸೇರಿತು. ಪಾಲಿನ ಪ್ರಶ್ನೆ ಕಾಗದದಿಂದ ಯಾರ್ಡಿಗೆ ಇಳಿಯಿತು.

ಎಲೆಕ್ಟ್ರಾನಿಕ್ ಸಿಟಿಯ ಒಂದು ಕ್ಯಾಂಪಸ್ಸಿನಲ್ಲಿ 500 ಕೆವಿಎ ಟ್ರಾನ್ಸ್‌ಫಾರ್ಮರ್ ಎರಡು ಸಮಾಂತರದಲ್ಲಿವೆ ಎಂದು ಇಟ್ಟುಕೊಳ್ಳೋಣ. ಒಟ್ಟು 1000 ಕೆವಿಎ ಲೋಡ್ ಹಾಕಬಹುದೇ? ನೇಮ್‌ಪ್ಲೇಟಿನ ಇಂಪಿಡೆನ್ಸ್ ಒಂದರಲ್ಲಿ 4 ಶೇಕಡ, ಇನ್ನೊಂದರಲ್ಲಿ 5 ಶೇಕಡ ಇದ್ದರೆ ಆಗದು. ಲೋಡು 5:4ರಲ್ಲಿ ಹಂಚಿಹೋಗುತ್ತದೆ: ಮೊದಲನೆಯದಕ್ಕೆ 556, ಎರಡನೆಯದಕ್ಕೆ 444. ಮೊದಲನೆಯದು ಮಿತಿ ಮೀರಿ ಬಿಸಿಯಾಗುತ್ತದೆ, ಎರಡನೆಯದು ಆರಾಮವಾಗಿರುತ್ತದೆ. ಯಾವುದನ್ನೂ ಮೀರಿಸದೆ ಈ ಜೋಡಿಯಿಂದ ಸಿಗುವುದು 900. ವೋಲ್ಟೇಜ್ ಹೊಂದಿಸುವ ಟ್ಯಾಪ್ ಬೇರೆಬೇರೆ ಇದ್ದರಂತೂ ಲೋಡೇ ಇಲ್ಲದಿದ್ದರೂ ಎರಡರ ನಡುವೆ ಕರೆಂಟು ಸುಮ್ಮನೆ ಸುತ್ತುತ್ತಿರುತ್ತದೆ. ಎರಡನೆಯ ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ದರಕ್ಕಿಂತ ಮೊದಲು ಆ ಶೇಕಡ ನೋಡಬೇಕು.

ಇಡೀ ರಾಜ್ಯದ ಜಾಲಕ್ಕೆ ಕೈಲೆಕ್ಕ ಸಾಲದು. 1929ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪುಟ್ಟ ಸುರುಳಿ, ಕೆಪಾಸಿಟರ್‌ಗಳಿಂದ ಜಾಲದ ಮಾದರಿಯನ್ನೇ ಕಟ್ಟಿ, ಯಾವ ಕವಲಿನಲ್ಲಿ ಎಷ್ಟು ಎಂದು ಮೀಟರಿನಲ್ಲಿ ಓದುವ ವ್ಯವಸ್ಥೆ ಬಂತು. 1956ರಲ್ಲಿ ವಾರ್ಡ್ ಮತ್ತು ಹೇಲ್ ಆ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿದರು. 1967ರಲ್ಲಿ ಟಿನ್ನಿ ಮತ್ತು ಹಾರ್ಟ್ ಸಮೀಕರಣ ಬಿಡಿಸುವ ನ್ಯೂಟನ್ ವಿಧಾನವನ್ನು ಇದಕ್ಕೆ ಪಳಗಿಸಿದ ಮೇಲೆ ಸಾವಿರ ಸಂಧಿಗಳ ಜಾಲವೂ ಹೆದರಿಸುವಂಥದ್ದಾಗಿ ಉಳಿಯಲಿಲ್ಲ. ಬೆಂಗಳೂರಿನಲ್ಲೇ ರೂಪುಗೊಂಡ ಮಿಪವರ್ ತಂತ್ರಾಂಶ ಇದೇ ವಂಶದ್ದು.

ಆದರೂ 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾಯಿತು. ಬೀನಾ–ಗ್ವಾಲಿಯರ್ 400 ಕೆವಿ ಮಾರ್ಗ ಟ್ರಿಪ್ ಆಯಿತು. ಅದು ಹೊರುತ್ತಿದ್ದ ವಿದ್ಯುತ್ತು ಮಾಯವಾಗಲಿಲ್ಲ, ಪೂರ್ವದ ರಾಜ್ಯಗಳನ್ನು ಬಳಸಿಕೊಂಡು ಉತ್ತರಕ್ಕೆ ನುಗ್ಗಿತು. ಆ ದಾರಿಗಳೂ ಭಾರ ತಾಳದೆ ಒಂದಾದ ಮೇಲೊಂದು ಬಿದ್ದವು. ಕರ್ನಾಟಕ ಪಾರಾಯಿತು, ಏಕೆಂದರೆ ದಕ್ಷಿಣದ ಜಾಲ ಉಳಿದ ದೇಶಕ್ಕೆ ಆಗ ಒಂದೇ ದಿಕ್ಕಿನ ಕರೆಂಟು ಹರಿಯುವ ಡಿಸಿ ಕೊಂಡಿಗಳಿಂದಷ್ಟೇ ಜೋಡಣೆಯಾಗಿತ್ತು. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ 2003ರಲ್ಲಿ ಬಂದ 500 ಕೆವಿ ಡಿಸಿ ಮಾರ್ಗ ಅಂಥದ್ದು. ಅಲ್ಲಿ ಪಾಲು ಇಂಪಿಡೆನ್ಸಿನ ಮರ್ಜಿಯಲ್ಲಿಲ್ಲ, ಕಂಟ್ರೋಲ್ ರೂಮಿನಲ್ಲಿ ಎಷ್ಟು ಎಂದು ಇಟ್ಟರೆ ಅಷ್ಟೇ.

2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಎಸಿ ಮಾರ್ಗ ಆ ಪ್ರತ್ಯೇಕತೆಯನ್ನು ಮುಗಿಸಿತು. ಒಂದು ದೇಶ, ಒಂದು ಆವರ್ತನ. ವಿದ್ಯುತ್ ಕೊಳ್ಳಲು ಇದು ಅನುಕೂಲ, ಅನುಮಾನವೇ ಇಲ್ಲ. ಆದರೆ ಬೇರೆ ರಾಜ್ಯದಲ್ಲಿ ಒಂದು ಮಾರ್ಗ ಬಿದ್ದರೂ ರಾಯಚೂರಿನ ತಂತಿಯ ಹರಿವು ಆ ಕ್ಷಣವೇ ಬದಲಾಗುತ್ತದೆ. ಯಾವುದಾದರೂ ಒಂದು ಮಾರ್ಗ ಹೋದರೂ ಉಳಿದವು ತಾಳುತ್ತವೆಯೇ ಎಂಬ ಲೆಕ್ಕವನ್ನು ಜಾಲದ ಹರಿವನ್ನು ನೋಡಿಕೊಳ್ಳುವ ಲೋಡ್ ಡಿಸ್ಪ್ಯಾಚ್ ಕೇಂದ್ರಗಳು ಮುಂಚಿತವಾಗಿಯೇ ಹಾಕಿಟ್ಟುಕೊಳ್ಳಬೇಕಾಗಿದೆ.

ಇದೇ ಲೆಕ್ಕ ಎಲೆಕ್ಟ್ರಾನಿಕ್ ಚಿಪ್‌ನೊಳಕ್ಕೂ ಇಳಿಯಿತು. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸರ್ಕ್ಯೂಟಿನ ಕರೆಂಟು, ವೋಲ್ಟೇಜುಗಳನ್ನು ಲೆಕ್ಕಹಾಕುವ ಸ್ಪೈಸ್ ಎಂಬ ಪ್ರೋಗ್ರಾಂ ತಯಾರಾಯಿತು. ಇಂದಿನ ಚಿಪ್ ವಿನ್ಯಾಸಕರು ಕೋಟಿಗಟ್ಟಲೆ ಕವಲುಗಳ ಪವರ್ ಜಾಲವನ್ನು ಸ್ಪೈಸ್‌ನ ಮಾದರಿಯ ತಂತ್ರಾಂಶಗಳಿಂದ ಪರಿಶೀಲಿಸುತ್ತಾರೆ. ಒಳಗೆ ಕುಳಿತಿರುವುದು ಕಿರ್ಖಾಫನೇ.

ಈ ಪಾಲಿನ ಲೆಕ್ಕದಲ್ಲಿ ಸದ್ಯಕ್ಕೆ ಹೆಚ್ಚು ಕುತೂಹಲ ಹುಟ್ಟಿಸುವುದು ಹೊಸೂರು ರಸ್ತೆಯಲ್ಲಿ ಓಡಾಡುವ ಎಲೆಕ್ಟ್ರಿಕ್ ಸ್ಕೂಟರುಗಳ ಬ್ಯಾಟರಿ. ಸಮಾಂತರದಲ್ಲಿರುವ ಎರಡು ಸೆಲ್‌ಗಳ ಒಳರೋಧ 20 ಮತ್ತು 30 ಮಿಲಿಓಮ್ ಇದ್ದರೆ, ಚಾರ್ಜ್ ಸಮವಾಗಿರುವಾಗ ಕರೆಂಟು 60:40ರಲ್ಲಿ ಹಂಚಿಕೆಯಾಗುತ್ತದೆ. ಆದರೆ ಹೆಚ್ಚು ಕೊಟ್ಟ ಸೆಲ್ ಬೇಗ ಬರಿದಾಗುತ್ತ ಅದರ ವೋಲ್ಟೇಜ್ ಇಳಿಯುತ್ತದೆ, ಸೋಮಾರಿ ಸೆಲ್ಲಿನ ಪಾಲು ಏರುತ್ತದೆ. ಪಾಲು ದಾರಿಯುದ್ದಕ್ಕೂ ಬದಲಾಗುತ್ತಲೇ ಇರುತ್ತದೆ, ಬಿಸಿಯೂ ಬಳಕೆಯ ಸವಕಳಿಯೂ ಅದರಲ್ಲಿ ಕೈಯಾಡಿಸುತ್ತವೆ. ಸಾಮಾನ್ಯವಾಗಿ ಬ್ಯಾಟರಿಯ ಮೇಲೆ ನಿಗಾ ಇಡುವ ಬಿಎಂಎಸ್ ವ್ಯವಸ್ಥೆ ಅಳೆಯುವುದು ಇಡೀ ಪ್ಯಾಕಿನ ಕರೆಂಟನ್ನು ಮಾತ್ರ. ಒಂದೊಂದು ಸೆಲ್ಲಿಗೂ ಸೆನ್ಸರ್ ಕೂರಿಸುವುದು ದುಬಾರಿ. ಯಾವ ಸೆಲ್ ಎಷ್ಟು ಹೊರುತ್ತಿದೆ ಎಂಬುದನ್ನು ಒಳರೋಧ, ಉಷ್ಣತೆ, ಉಳಿದ ಚಾರ್ಜುಗಳ ಮಾದರಿಯಿಂದ ಅಂದಾಜು ಮಾಡುವ ಕ್ರಮಗಳ ಮೇಲೆ ಈಗ ಸಂಶೋಧನೆ ನಡೆಯುತ್ತಿದೆ.