ಸವುಳು ನೀರು, ನವಿರು ಕೂದಲು

"ಕಾಕಾ, ನನ್ನ ಕೂದ್ಲಾ ಬಾಳ ತೆಳ್ಳಗ ಅದಾವು, ಯಾವ ಶಾಂಪೂ ಕೊಡ್ತೀರಿ?" ಎಂದು ಕೇಳಿಕೊಂಡು ಹೆಣ್ಣುಮಕ್ಕಳು ಅಣ್ಣಿಗೇರಿಯ ನಮ್ಮ ಕಿರಾಣಿ ಅಂಗಡಿಗೆ ಬರುತ್ತಾರೆ. ಜಳಕಕ್ಕೆ ಯಾವ ನೀರು ಎಂದು ನಾನು ತಿರುಗಿ ಕೇಳುತ್ತೇನೆ. ಕೆಲವರು ನಗುತ್ತಾರೆ. ಆದರೆ ನಮ್ಮ ಅಪ್ಪನ ಕಾಲದಿಂದ ಈ ಗಲ್ಲೆಯ ಮೇಲೆ ಕುಳಿತು ನೋಡಿದ್ದು ಇದನ್ನೇ: ಈ ಕಡೆ ತಲೆಗೆ ಏನು ಹಚ್ಚಬೇಕೆಂಬುದನ್ನು ಕೂದಲಿಗಿಂತ ಹೆಚ್ಚಾಗಿ ನೀರು ತೀರ್ಮಾನಿಸುತ್ತ ಬಂದಿದೆ.

ಅಣ್ಣಿಗೇರಿ, ನವಲಗುಂದ ಎರಡೂ ಎರೆ ಸೀಮೆ. ಕಡಲೆ, ಹೆಸರು, ಹತ್ತಿ, ಬಿಳಿಜೋಳ ಬೆಳೆಯಲು ಇದಕ್ಕಿಂತ ಒಳ್ಳೆಯ ನೆಲ ಬೇಡ. ನೆಲದಡಿಯ ನೀರು ಮಾತ್ರ ಸವುಳು. ಹೀಗಾಗಿ ಕುಡಿಯಲು ಕೆರೆ, ಬಳಸಲು ಬಾವಿ ಎಂದು ಮನೆಮನೆಯಲ್ಲೂ ನೀರಿಗೆ ಎರಡು ಜಾತಿ. ನನ್ನವ್ವನ ತವರು ನವಲಗುಂದ. ಅಲ್ಲಿಯ ನೀಲಮ್ಮನ ಕೆರೆಯಿಂದ ಹೊತ್ತು ತಂದ ನೀರಿನಲ್ಲಿ ತಲೆ ತೊಳೆಯುತ್ತೇನೆಂದರೆ ಅಜ್ಜಿ ಕೋಲು ಹುಡುಕುತ್ತಿದ್ದಳಂತೆ. ಜಳಕ ಏನಿದ್ದರೂ ಬಾವಿಯ ನೀರಿನಲ್ಲಿ.

ಆ ನೀರಿಗೆ ಸಾಬೂನು ಒಗ್ಗುವುದಿಲ್ಲ. ಅಪ್ಪ ಇದನ್ನು ಗಿರಾಕಿಗಳಿಗೆ ಅಂಗಡಿಯಲ್ಲೇ ಮಾಡಿ ತೋರಿಸುತ್ತಿದ್ದರು. ಎರಡು ಬಾಟಲಿ, ಒಂದರಲ್ಲಿ ಬಾವಿ ನೀರು, ಇನ್ನೊಂದರಲ್ಲಿ ಮಳೆ ನೀರು. ಎರಡಕ್ಕೂ ಚೂರು ಸಾಬೂನು ಹೆರೆದು ಹಾಕಿ ಕುಲುಕಿದರೆ, ಮಳೆ ನೀರಿನಲ್ಲಿ ಕುತ್ತಿಗೆವರೆಗೆ ನೊರೆ ಏರುತ್ತಿತ್ತು; ಬಾವಿ ನೀರಿನಲ್ಲಿ ನೊರೆಯೇ ಇಲ್ಲ, ಬಿಳಿ ಗಸಿ ತೇಲುತ್ತಿತ್ತು. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಕೊಬ್ಬಿನಾಮ್ಲದೊಡನೆ ಸೇರಿ ಆಗುವ ಗಸಿ ಅದು. ದಪ್ಪ ಕೂದಲಿನವರು ಹೇಗೋ ತಡೆದುಕೊಳ್ಳುತ್ತಿದ್ದರು. ನವಿರು ಕೂದಲಾದರೆ ಆ ಗಸಿ ಎಳೆಎಳೆಗೂ ಹತ್ತಿ, ತಲೆ ಒಣಗಿದ ಮೇಲೂ ಜಿಗಟು. ಬಾಚಿದರೆ ಬಾಚಣಿಕೆಯ ಹಲ್ಲಿನಲ್ಲಿ ಬೂದಿಬಣ್ಣದ ಮಯಣ.

ಸೀಗೆಕಾಯಿಗೆ ಈ ತೊಂದರೆ ಇಲ್ಲ. ಅದರ ನೊರೆ ಸಪೋನಿನ್‌ನದು, ಸವುಳು ನೀರಿನಲ್ಲಿ ಗಸಿ ಕಟ್ಟುವುದಿಲ್ಲ. ಎರೆ ಸೀಮೆಯಲ್ಲಿ ಸೀಗೆ ಬಳ್ಳಿ ಬೆಳೆಯದಿದ್ದರೂ ಸೀಗೆಕಾಯಿ ಇಲ್ಲದ ಮನೆ ಇರಲಿಲ್ಲ. ಕಲಘಟಗಿ ದಾಟಿದರೆ ಶುರುವಾಗುವ ಯಲ್ಲಾಪುರ, ಶಿರಸಿ ಕಡೆಯ ಕಾಡಿನಿಂದ ಚೀಲಗಟ್ಟಲೆ ಹುಬ್ಬಳ್ಳಿ ಪೇಟೆಗೆ ಬಂದು, ಅಲ್ಲಿಂದ ನಮ್ಮಂಥವರ ಅಂಗಡಿಗೆ ಬರುತ್ತಿತ್ತು. ಜೊತೆಗೆ ಅಂಟುವಾಳ. ಒಣಗಿಸಿ, ಬೀಜ ತೆಗೆದು, ಮೆಂತೆಕಾಳು ಬೆರೆಸಿ ಗಿರಣಿಗೆ ಒಯ್ದರೆ ಗಿರಣಿಯವನು ಹಗಲು ಹೊತ್ತು ಮುಟ್ಟುತ್ತಿರಲಿಲ್ಲ. ಸೀಗೆಕಾಯಿ ಬೀಸಿದ ಕಲ್ಲಿನಲ್ಲಿ ಜೋಳ ಬೀಸಿದರೆ ರೊಟ್ಟಿ ಕಹಿಯಾಗುತ್ತದೆಂದು ಓಣಿಯೇ ಜಗಳಕ್ಕೆ ಬರುತ್ತಿತ್ತು. ಸಂಜೆ ಕೊನೆಯ ಗಿರಾಕಿ ಹೋದ ಮೇಲೆ ಮೂಗಿಗೆ ಟವೆಲ್ ಕಟ್ಟಿಕೊಂಡು ಬೀಸುತ್ತಿದ್ದ. ಎರಡು ಮನೆಯಾಚೆಗೂ ಸೀನು ಕೇಳಿಸುತ್ತಿತ್ತು.

ನನ್ನ ಹೆಂಡತಿ ಕಲಘಟಗಿ ಕಡೆಯವಳು. ಅದು ಅರೆಮಲೆನಾಡು, ಮಳೆ ಹೆಚ್ಚು, ನೀರು ಸಿಹಿ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಹೇಳಿದ್ದು ಇನ್ನೂ ನೆನಪಿದೆ: "ಏನ್ ನೀರ್ರೀ ಇದು, ತಲಿ ತೊಳಕೊಂಡ್ರ ಗ್ವಾಡಿಗೆ ಸುಣ್ಣಾ ಹೊಡದಂಗ ಆಕ್ಕೈತಿ." ಅವಳ ಕೂದಲು ಎಳೆ ಹತ್ತಿಯಷ್ಟು ನವಿರು. ಬರೀ ಸೀಗೆಕಾಯಿ ಹಾಕಿದರೆ ಒರಟಾಗುತ್ತಿತ್ತು. ಅವ್ವ ಅದಕ್ಕೆ ನಮ್ಮದೇ ಹೊಲದ ಹೆಸರಿನ ಹಿಟ್ಟು ಬೆರೆಸಿ ಖಾರ ಇಳಿಸಿದಳು. ದಾಸವಾಳದ ಎಲೆ ಅರೆದ ಲೋಳೆ ಸೇರಿಸಿದಳು. ಕೊನೆಗೆ ಒಂದು ಚೊಂಬು ಕೆರೆ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ ತಲೆಯ ಮೇಲೆ ಸುರಿಯುತ್ತಿದ್ದಳು. ಹುಳಿ ತಾಗಿದರೆ ಸವುಳಿನ ಪೊರೆ ಬಿಡುತ್ತದೆ. ಈಗ ಕಂಡೀಷನರ್ ಎಂದು ಮಾರುವುದರ ಅರ್ಧ ಕೆಲಸ ಆ ಚೊಂಬು ಮಾಡುತ್ತಿತ್ತು.

ಸ್ನಾನದ ಮಾತು ಬಂದರೆ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಸ್ನಾನಭೋಗಕ್ಕೇ ಒಂದು ಭಾಗವಿದೆ, ಪರಿಮಳದ ಎಣ್ಣೆ ಪೂಸಿಕೊಳ್ಳುವ ರಾಜನ ಸ್ನಾನ. ಅದೇ ವಂಶದ ನಾಲ್ಕನೆಯ ಸೋಮೇಶ್ವರ 12ನೆಯ ಶತಮಾನದ ಕೊನೆಯಲ್ಲಿ ಆಳಿದ್ದು ನಮ್ಮ ಅಣ್ಣಿಗೇರಿಯಿಂದ. ಅವನ ಅರಮನೆಗೆ ಯಾವ ಬಾವಿಯ ನೀರು ಹೋಗುತ್ತಿತ್ತೋ!

1970ರ ದಶಕದ ಆರಂಭದಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದು ಮಲಪ್ರಭೆಯ ಕಾಲುವೆ ಈ ಕಡೆ ಹರಿಯಿತು. 1980ರ ಜುಲೈನಲ್ಲಿ ನೀರಾವರಿ ಕರದ ವಿರುದ್ಧ ರೈತರು ಎದ್ದು ನವಲಗುಂದದಲ್ಲಿ ಗೋಲಿಬಾರ್ ಆಯಿತು. ಆಗ ಕಾಲುವೆಯ ಮಾತೆಂದರೆ ಹೊಲದ ಮಾತು, ಕರದ ಮಾತು. ಕಾಲುವೆಯ ನೀರು ಕೆರೆಗೆ ಬಿದ್ದು, ನಳಕ್ಕೆ ಬಂದು, ಬಚ್ಚಲು ಮುಟ್ಟಿದ್ದನ್ನು ಯಾರೂ ಬರೆದಿಡಲಿಲ್ಲ. ಅದೂ ಎಲ್ಲ ಹಳ್ಳಿಗೂ ಮುಟ್ಟಲಿಲ್ಲ, ಮುಟ್ಟಿದಲ್ಲೂ ದಿನಾ ಬರಲಿಲ್ಲ; ಬೋರಿನ ಸವುಳು ಹೋಗಲೇ ಇಲ್ಲ.

ಈ ನಡುವೆ ಬಂದದ್ದು ಶಾಂಪೂ ಸ್ಯಾಚೆಟ್ಟು. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಎಂಬವರು ಬಾಟಲಿ ಕೊಳ್ಳಲಾಗದವರಿಗೆಂದು ಸಣ್ಣ ಪಾಕೀಟಿನ ದಾರಿ ಹುಡುಕಿದರು. ಅವರ ಮಕ್ಕಳು ವೆಲ್ವೆಟ್ ಶಾಂಪೂ ತಂದರು. ಅವರಲ್ಲೊಬ್ಬರಾದ ಸಿ.ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿ ಹಾಕಿ ಚಿಕ್ ಶಾಂಪೂ ಶುರು ಮಾಡಿದರು. ಐದು ಖಾಲಿ ಪಾಕೀಟು ತಂದರೆ ಒಂದು ಚಿಕ್ ಪುಕ್ಕಟೆ ಎಂಬ ಅವರ ಯೋಜನೆ ವ್ಯಾಪಾರಿಗಳ ನಡುವೆ ಇಂದಿಗೂ ಮಾತಾಗುತ್ತದೆ. ಮುಂದೆ 50 ಪೈಸೆಗೂ ಶಾಂಪೂ ಸಿಕ್ಕಿತು. ಅಗ್ಗವಾಗಿದ್ದಕ್ಕೆ ಹಳ್ಳಿಗಳನ್ನು ಗೆದ್ದಿತು ಎನ್ನುತ್ತಾರೆ. ನಮ್ಮ ಸೀಮೆಯ ಮಟ್ಟಿಗೆ ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಅಗ್ಗದ ಸಾಬೂನು ಮೊದಲೂ ಇತ್ತು. ಶಾಂಪೂವಿನಲ್ಲಿರುವ ಸೋಡಿಯಂ ಲಾರೆತ್ ಸಲ್ಫೇಟ್ ಸವುಳು ನೀರಿನಲ್ಲೂ ಗಸಿ ಕಟ್ಟದೆ ನೊರೆ ಕೊಡುತ್ತದೆ. ಸೀಗೆಕಾಯಿ ಮಾಡುತ್ತಿದ್ದ ಕೆಲಸವನ್ನು ಗಿರಣಿಯ ಸೀನಿಲ್ಲದೆ, ಕಣ್ಣುರಿಯಿಲ್ಲದೆ ಮಾಡಿತು. ಹತ್ತಿ ಬಿಡಿಸಿ ಹೊತ್ತು ಮುಳುಗಿದ ಮೇಲೆ ಮನೆಗೆ ಬರುವ ಹೆಣ್ಣುಮಗಳಿಗೆ ಅದೇ ದೊಡ್ಡದು.

ತೆಳ್ಳನೆಯ ಕೂದಲಿನವರಿಗೆ ನಾನು ಕೊಡುವುದು ಒಂದು ರೂಪಾಯಿಯ, ಎರಡು ರೂಪಾಯಿಯ ಪಾಕೀಟನ್ನೇ. ಮಿಲಿಲೀಟರ್ ಲೆಕ್ಕ ಹಾಕಿದರೆ ಬಹಳ ಸಲ ಬಾಟಲಿಗಿಂತ ಪಾಕೀಟೇ ಅಗ್ಗ, ಇದು ಸಾಹುಕಾರರ ಮನೆಯವರಿಗೂ ಗೊತ್ತು. ಅರ್ಧ ಪಾಕೀಟು ಚೊಂಬಿನಲ್ಲಿ ಕದಡಿಕೊಂಡು ಬುಡಕ್ಕಷ್ಟೇ ಹಚ್ಚಬೇಕು. ಕೆನೆಯಂಥ ದಪ್ಪ ಶಾಂಪೂ, ಟು-ಇನ್-ವನ್ ಬೇಡ. ಅದರಲ್ಲಿನ ಸಿಲಿಕೋನ್ ನವಿರು ಕೂದಲನ್ನು ತಲೆಗೆ ಒತ್ತಿ ಕೂರಿಸುತ್ತದೆ. ಕಂಡೀಷನರ್ ಚೂರೇ ಚೂರು, ಹೆರಳಿನ ತುದಿಗೆ ಮಾತ್ರ. ಬೋರಿನ ನೀರಾದರೆ ಕೊನೆಯ ಚೊಂಬು ನಳದ್ದು, ಅಥವಾ ನಿಂಬೆ ಹಿಂಡಿದ್ದು.

ಶಾಂಪೂವಿನ ಮೇಲಿನ ಜಿಎಸ್‌ಟಿ 2017ರಲ್ಲಿ 28% ಇದ್ದದ್ದು ಅದೇ ವರ್ಷ 18%, 2025ರ ಸೆಪ್ಟೆಂಬರ್‌ನಲ್ಲಿ 5% ಆಯಿತು. ಒಂದು ರೂಪಾಯಿಯ ಮಾಲಿನಲ್ಲಿ ಗಿರಾಕಿಗೆ ಬಿಡಿ ಪೈಸೆ ಹೇಗೆ ತಿರುಗಿ ಕೊಡಲಿ? ಖಾಲಿ ಪಾಕೀಟುಗಳಂತೂ ಗಟಾರದಲ್ಲೇ ಇವೆ, ಗುಜರಿಯವನೂ ಮುಟ್ಟುವುದಿಲ್ಲ.

ನೀರು ತುಂಬುವ ಹಬ್ಬದ ಹಿಂದಿನ ವಾರ ಸೀಗೆಕಾಯಿ ಕೇಳುವವರು ಇನ್ನೂ ಇದ್ದಾರೆ. ನೂರು ಗ್ರಾಂ ಒಯ್ಯುತ್ತಾರೆ, ಜೊತೆಗೆ ಎರಡು ಸರ ಶಾಂಪೂ. ಸೀಗೆಕಾಯಿಯಲ್ಲಿ ನನಗೆ ಗಿಟ್ಟುವುದು ಏನೂ ಇಲ್ಲ. ಅದಿಲ್ಲವೆಂದರೆ ಗಿರಾಕಿ ಎಣ್ಣೆ, ಬೆಲ್ಲಕ್ಕೂ ಎದುರಿನ ಅಂಗಡಿಗೆ ಹೋಗುತ್ತಾರೆಂದು ಒಂದು ಡಬ್ಬಿ ತುಂಬಿಸಿಟ್ಟಿರುತ್ತೇನೆ.