ಹಾರ್ಮೋನಿಯಂ ಮೇಷ್ಟ್ರು ಮತ್ತು ಹಳ್ಳಿಯ ರಸಿಕರು

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸಿ, ಆಡಿಸಿ, ಪ್ರದರ್ಶನದ ರಾತ್ರಿ ಪೆಟ್ಟಿಗೆಯ ಮುಂದೆ ಕೂತು ಬೆಳಗಿನವರೆಗೆ ನುಡಿಸುವವರೇ ಹಾರ್ಮೋನಿಯಂ ಮೇಷ್ಟ್ರು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ 'ಕುರುಕ್ಷೇತ್ರ', 'ದಕ್ಷಯಜ್ಞ', 'ರಾಮಾಂಜನೇಯ ಯುದ್ಧ', 'ಶನಿಪ್ರಭಾವ' ಆಡದ ಊರು ಕಡಿಮೆ. ನಾಟಕದ ಪ್ರಚಾರಪತ್ರದಲ್ಲಿ ಪಾತ್ರಧಾರಿಗಳ ಹೆಸರು ಎಷ್ಟೇ ಇದ್ದರೂ ಪಕ್ಕದೂರಿನ ಜನ ಮೊದಲು ಕೇಳುವುದು ಒಂದೇ ಮಾತು: ಮೇಷ್ಟ್ರು ಯಾರು? ನಾಟಕ ಮುಗಿದ ಮೇಲೆ ಅರಳಿಕಟ್ಟೆಯಲ್ಲಿ, ಹಾಲಿನ ಡೇರಿಯ ಮುಂದೆ, ಟೀ ಅಂಗಡಿಯಲ್ಲಿ ವಾರಗಟ್ಟಲೆ ನಡೆಯುವ ಚರ್ಚೆಯೂ ಬಹುಪಾಲು ಅವರ ಹಾಡುಗಳದ್ದೇ. ಈ ಕಸುಬಿನ ಚರಿತ್ರೆಯನ್ನೂ ಈ ಚರ್ಚೆಯ ಚರಿತ್ರೆಯನ್ನೂ ಬೇರೆ ಬೇರೆ ಮಾಡಿ ಹೇಳುವುದು ಕಷ್ಟ.

ಹಾರ್ಮೋನಿಯಂ ಬರುವುದಕ್ಕೆ ಮುಂಚೆ ಈ ಸೀಮೆಯಲ್ಲಿ ಮೂಡಲಪಾಯ ಯಕ್ಷಗಾನವಿತ್ತು. ಹೊಸಕೋಟೆಯಿಂದ ಕೋಲಾರದ ಕಡೆಗೆ ಹೋದಂತೆ ಕೇಳಿಕೆ ಎಂಬ ಆಟವಿತ್ತು. ಅಲ್ಲಿ ಹಾಡಿಕೆಯ ಹೊಣೆ ಭಾಗವತನದು. ಮದ್ದಳೆ, ತಾಳ, ಮುಖವೀಣೆ ಅವನ ಜೊತೆ. ವೇಷಧಾರಿ ಕುಣಿದು ಮಾತಾಡುತ್ತಿದ್ದ, ಕಥೆ ಭಾಗವತನ ಕೊರಳಲ್ಲಿ ಸಾಗುತ್ತಿತ್ತು. ಮುಂದೆ ಬಂದ ಮೇಷ್ಟ್ರ ಅಧಿಕಾರಕ್ಕೆ ಬೇರು ಇಲ್ಲಿದೆ. ಭಾಗವತ ಎಂದರೆ ಗುರು, ಸೂತ್ರಧಾರ, ಗಾಯಕ ಮೂರೂ ಹೌದು. ಹಳ್ಳಿ ಆ ಪೀಠವನ್ನು ಹಾಗೆಯೇ ಉಳಿಸಿಕೊಂಡು ಅದರ ಮೇಲೆ ಪೆಟ್ಟಿಗೆ ನುಡಿಸುವವರನ್ನು ಕೂರಿಸಿತು.

ಪೆಟ್ಟಿಗೆ ಬಂದ ದಾರಿ ಉದ್ದವಾದದ್ದು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಂ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಮಿಷನರಿಗಳ ಜೊತೆ ಭಾರತಕ್ಕೆ ಬಂದ ಆ ವಾದ್ಯ ಕಾಲಿನಿಂದ ತಿದಿ ತುಳಿಯುವಂಥದ್ದು. 1875ರಲ್ಲಿ ಕಲ್ಕತ್ತೆಯಲ್ಲಿ ವಾದ್ಯದ ಅಂಗಡಿ ತೆರೆದ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲಿಟ್ಟು ಕೈಯಲ್ಲಿ ತಿದಿ ಒತ್ತುವ ಪೆಟ್ಟಿಗೆಯಾಗಿ ಬದಲಿಸಿದರು. ಇತ್ತ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಮರಾಠಿ 'ಶಾಕುಂತಲ' ಆಡಿಸಿದ ಮೇಲೆ ಹಾಡುವ ನಾಟಕದ ಗಾಳಿ ದಕ್ಷಿಣಕ್ಕೂ ಬೀಸಿತು. ಮೈಸೂರಿನಲ್ಲಿ ಅರಮನೆಯ ಆಶ್ರಯದ ನಾಟಕ ಕಂಪನಿ ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲವನ್ನು ರಂಗಕ್ಕೆ ತಂದಿತು. 1884ರಲ್ಲಿ ಗುಬ್ಬಿಯಲ್ಲಿ ನಾಟಕ ಸಂಘ ಹುಟ್ಟಿತು. ಮುಂದೆ ಅದನ್ನು ಕೈಗೆತ್ತಿಕೊಂಡ ಗುಬ್ಬಿ ವೀರಣ್ಣನವರು ಅದನ್ನು ದಕ್ಷಿಣ ಭಾರತಕ್ಕೆಲ್ಲ ಗೊತ್ತಾಗುವ ಕಂಪನಿಯಾಗಿ ಬೆಳೆಸಿದರು.

ಕಂಪನಿಗಳು ಮಾತ್ರ ಕಾಲು ಹಾರ್ಮೋನಿಯಮ್ಮನ್ನೇ ಹೆಚ್ಚು ಬಳಸಿದವು. ತಿದಿಯ ಕೆಲಸ ಕಾಲಿಗೆ ಹೋದರೆ ಎರಡೂ ಕೈ ಮನೆಗಳ, ಎಂದರೆ ಸ್ವರದ ಕೀಲಿಗಳ, ಮೇಲೆ ಓಡಾಡಬಹುದು: ಬಲಗೈಯಲ್ಲಿ ಹಾಡಿನ ಸ್ವರ, ಎಡಗೈಯಲ್ಲಿ ಅದಕ್ಕೆ ಆಧಾರ. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಸಾವಿರ ಜನರ ಟೆಂಟಿನ ಕೊನೆಯ ಸಾಲಿಗೂ ಮುಟ್ಟುವ ದನಿ ಈ ವಾದ್ಯಕ್ಕಿತ್ತು. ಕಂಪನಿ ಯುಗದ ಗಾಯಕನಟರಲ್ಲಿ ಎ.ವಿ. ವರದಾಚಾರ್ಯರ (1869–1926) ಹೆಸರು ದೊಡ್ಡದು. ಅವರ ಹಾಡಿಗೆ ಪ್ರೇಕ್ಷಕರು 'ಒನ್ಸ್ ಮೋರ್' ಕೂಗುವುದು, ಅವರು ಅದೇ ಪದ್ಯವನ್ನು ಇನ್ನೊಂದು ಬಗೆಯಲ್ಲಿ ಎತ್ತುವುದು ನಾಟಕದ ಅಂಗವೇ ಆಗಿತ್ತು. ಕಥೆ ಅಲ್ಲಿ ನಿಂತರೂ ಯಾರಿಗೂ ಬೇಸರವಿರಲಿಲ್ಲ. ಈ ಅಭ್ಯಾಸ ಕಂಪನಿಗಳಿಂದ ಹಳ್ಳಿಗೆ ಇಳಿದು ಇಂದಿಗೂ ಉಳಿದಿದೆ, ಅದರ ಬಗೆಗಿನ ಜಗಳವೂ ಉಳಿದಿದೆ.

ನಾಟಕದ ಹಾಡುಗಳು ಬರಹಕ್ಕೆ ಇಳಿದ ರೀತಿ ವಿಶೇಷವಾದದ್ದು. ಅಚ್ಚಾದ ನಾಟಕದ ಪುಸ್ತಕದಲ್ಲಿ ಪದ್ಯದ ಮೇಲೆ ರಾಗ, ತಾಳ ಬರೆದಿರುತ್ತಾರೆ. ಇಲ್ಲವಾದರೆ ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದ ಬೇರೊಂದು ಹಾಡಿನ ಹೆಸರು ಹೇಳಿ ಅದರ 'ಮಟ್ಟು' ಎಂದು ಸೂಚಿಸುತ್ತಾರೆ. ಆ ಮೂಲ ಹಾಡು ಮರಾಠಿಯದಾಗಿರಬಹುದು, ಪಾರ್ಸಿ ಕಂಪನಿಯದಾಗಿರಬಹುದು, ತೆಲುಗು, ತಮಿಳು ರಂಗದ್ದಾಗಿರಬಹುದು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಮೂಲ ಹಾಡು ಜನರ ನೆನಪಿನಿಂದ ಹೋಗುತ್ತದೆ. ಅದನ್ನು ನಂಬಿ ಬರೆದ ಸೂಚನೆ ಪುಸ್ತಕದಲ್ಲಿ ಅರ್ಥವಿಲ್ಲದೆ ಉಳಿಯುತ್ತದೆ. ಆಗ ಆ ಮಟ್ಟು ಸಿಗುವುದು ಮೇಷ್ಟ್ರ ಬೆರಳಲ್ಲಿ ಮಾತ್ರ. ಅವರು ಕಲಿತ ಗುರು ಬೇರೆಯಾದರೆ ಮಟ್ಟೂ ಬೇರೆ. ಒಂದೇ ಪದ್ಯ ದೊಡ್ಡಬಳ್ಳಾಪುರದ ಕಡೆ ಒಂದು ರೀತಿ, ನೆಲಮಂಗಲದ ಕಡೆ ಇನ್ನೊಂದು ರೀತಿ ಕೇಳಿಸುವುದಕ್ಕೂ, 'ಅಸಲಿ ಮಟ್ಟು ಯಾವುದು' ಎಂಬ ವಾದ ಎಂದೂ ಮುಗಿಯದಿರುವುದಕ್ಕೂ ಇದೇ ಕಾರಣ.

ಈ ಜಿಲ್ಲೆ ಕಂಪನಿ ರಂಗಭೂಮಿಗೆ ಕೊಟ್ಟ ದೊಡ್ಡ ಕಂಠ ಸಿ. ಹೊನ್ನಪ್ಪ ಭಾಗವತರದು. ನೆಲಮಂಗಲ ತಾಲ್ಲೂಕಿನ ಚೌಡಸಂದ್ರದಲ್ಲಿ 1915ರಲ್ಲಿ ಹುಟ್ಟಿದ ಅವರು ತಮಿಳು ರಂಗಭೂಮಿ, ಸಿನಿಮಾಗಳಲ್ಲಿ ಹೆಸರು ಮಾಡಿ ಗುಬ್ಬಿ ವೀರಣ್ಣನವರ 'ಸುಭದ್ರಾ' (1941) ಚಿತ್ರದ ಮೂಲಕ ಕನ್ನಡದ ಬೆಳ್ಳಿತೆರೆಗೆ ಬಂದರು. ಅವರೇ ನಿರ್ಮಿಸಿ ನಟಿಸಿದ 'ಮಹಾಕವಿ ಕಾಳಿದಾಸ' (1955) ಬಿ. ಸರೋಜಾದೇವಿಯವರ ಮೊದಲ ಚಿತ್ರ. ಸಿನಿಮಾ ದೊಡ್ಡದಾಗಿ ಬೆಳೆದ ಮೇಲೂ ಭಾಗವತರು ಸ್ವಂತ ನಾಟಕ ಮಂಡಳಿ ನಡೆಸಿದರು. ಹಳ್ಳಿಯಿಂದ ಹೊರಟ ಹುಡುಗನೊಬ್ಬ ಹಾಡಿನ ಬಲದಿಂದಲೇ ಅಷ್ಟೆತ್ತರಕ್ಕೆ ಏರಿದ್ದು ಸುತ್ತಲಿನ ಊರುಗಳಿಗೆ ಹೆಮ್ಮೆಯ ಸಂಗತಿ.

ಪೆಟ್ಟಿಗೆಯ ಮೇಲೆ ವಿದ್ವಾಂಸರ ಆಕ್ಷೇಪ ಮೊದಲಿನಿಂದಲೂ ಇತ್ತು. ಹಾರ್ಮೋನಿಯಮ್ಮಿನ ಸ್ವರಗಳು ಕಾರ್ಖಾನೆಯಲ್ಲೇ ನಿಗದಿಯಾಗಿ ಬರುತ್ತವೆ. ಒಂದು ಮನೆಯಿಂದ ಇನ್ನೊಂದಕ್ಕೆ ಜಾರಲು, ಗಮಕ ಕೊಡಲು ದಾರಿಯಿಲ್ಲ. ರವೀಂದ್ರನಾಥ ಟಾಗೋರರಿಗೂ ಅದು ಹಿಡಿಸಲಿಲ್ಲ. ಆಕಾಶವಾಣಿ 1940ರಲ್ಲಿ ಅದನ್ನು ಪ್ರಸಾರದಿಂದಲೇ ಹೊರಗಿಟ್ಟಿತು. ನಿಷೇಧ ಸಡಿಲವಾದದ್ದು 1970ರ ದಶಕದ ಆರಂಭದಲ್ಲಿ. ಈ ಮೂವತ್ತು ವರ್ಷಗಳಲ್ಲಿ ಹಳ್ಳಿಯ ನಾಟಕಕ್ಕೆ ಕಿಂಚಿತ್ತೂ ತೊಂದರೆಯಾಗಲಿಲ್ಲ. ಗಮಕದ ಕೊರತೆಯನ್ನು ಹಾಡುಗಾರ ತನ್ನ ಕೊರಳಿನಿಂದ ತುಂಬುತ್ತಿದ್ದ. ಶ್ರುತಿ ಬಿಡದಂತೆ ಅವನನ್ನು ಹಿಡಿದು ನಿಲ್ಲಿಸುವ ಕೆಲಸಕ್ಕೆ ಪೆಟ್ಟಿಗೆಗಿಂತ ಗಟ್ಟಿಯಾದ, ಅಗ್ಗವಾದ, ಎತ್ತಿನ ಗಾಡಿಯಲ್ಲಿ ಸಾಗಿಸಬಹುದಾದ ವಾದ್ಯ ಬೇರೆ ಇರಲಿಲ್ಲ. ರಂಗದ ಮಟ್ಟಿಗೆ ಹಳ್ಳಿಯವರ ತೀರ್ಮಾನವೇ ಸರಿ.

ಸಿನಿಮಾದ ಪೈಪೋಟಿಯಲ್ಲಿ ಕಂಪನಿಗಳು ಒಂದೊಂದಾಗಿ ಮುಚ್ಚಿದಾಗ ಅಲ್ಲಿನ ವಾದ್ಯಗಾರರಿಗೆ, ನಟರಿಗೆ ಹಳ್ಳಿಗಳೇ ಆಸರೆಯಾದವು. ಕಂಪನಿಯಲ್ಲಿ ಕಲಿತವರು ಹಳ್ಳಿಯ ಹವ್ಯಾಸಿಗಳಿಗೆ ಕಲಿಸತೊಡಗಿದರು. ಅವರ ಶಿಷ್ಯರು ಇನ್ನಷ್ಟು ಊರುಗಳಿಗೆ ಹೋದರು. ಬೆಂಗಳೂರಿನ ನೆರೆಯಲ್ಲಿರುವ ಈ ತಾಲ್ಲೂಕುಗಳಿಗೆ ಸೀನರಿ, ಪೋಷಾಕು, ಸ್ತ್ರೀಪಾತ್ರಕ್ಕೆ ಕಲಾವಿದೆಯರು ನಗರದಿಂದ ಸುಲಭವಾಗಿ ಸಿಗುತ್ತಿದ್ದುದೂ ಅನುಕೂಲವಾಯಿತು. ರಾಗಿ ಒಕ್ಕಣೆ ಮುಗಿದ ಮೇಲೆ ನಾಟಕದ ಕಾಲ. ಸಂಕ್ರಾಂತಿಯ ಶಿವಗಂಗೆ ಜಾತ್ರೆ, ಪುಷ್ಯ ಮಾಸದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ರಥೋತ್ಸವಗಳಿಂದ ಹಿಡಿದು ಶಿವರಾತ್ರಿ, ಯುಗಾದಿ ದಾಟಿ ಊರಹಬ್ಬಗಳವರೆಗೆ ಅದು ನಡೆಯುತ್ತದೆ.

ತಾಲೀಮು ಎರಡು ಮೂರು ತಿಂಗಳ ಕೆಲಸ. ಪಾತ್ರ ಬೇಕಾದವರು ಹಣ ಕೊಟ್ಟು ಪಡೆಯುವುದು ಇಲ್ಲಿನ ವಾಡಿಕೆ. ಕೃಷ್ಣ, ದುರ್ಯೋಧನ, ಭೀಮನಂಥ ಪಾತ್ರಗಳಿಗೆ ಹೆಚ್ಚು, ದೂತನಿಗೆ ಕಡಿಮೆ. ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ ದೇವಸ್ಥಾನದ ಪಡಸಾಲೆಯಲ್ಲೋ ಭಜನೆ ಮನೆಯಲ್ಲೋ ಎಲ್ಲರೂ ಸೇರುತ್ತಾರೆ. ಮೇಷ್ಟ್ರು ಮೊದಲು ನೋಡುವುದು ಪ್ರತಿಯೊಬ್ಬರ ಕಂಠ ಪೆಟ್ಟಿಗೆಯ ಎಷ್ಟನೇ ಮನೆಯ ಶ್ರುತಿಗೆ ಕೂರುತ್ತದೆ ಎಂಬುದನ್ನು. ಒಬ್ಬರದು ಎರಡು ಮನೆ, ಇನ್ನೊಬ್ಬರದು ನಾಲ್ಕೂವರೆ. ಓದು ಬಾರದವರಿಗೆ ಬಾಯಿಂದ ಬಾಯಿಗೆ ಪಾಠ; ಓದು ಬಲ್ಲವರು ಪಾರ್ಟನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಮೇಷ್ಟ್ರಿಗೆ ಊಟ ಸರದಿಯ ಮೇಲೆ ಮನೆಮನೆಯಲ್ಲಿ. ಪ್ರದರ್ಶನದ ರಾತ್ರಿ ಅವರಿಗೆ ಶಾಲು, ಹಾರ, ಸನ್ಮಾನ.

ಮೇಷ್ಟ್ರ ಹೆಚ್ಚುಗಾರಿಕೆ ಗೊತ್ತಾಗುವುದು ಕಂದಪದ್ಯದಲ್ಲಿ. ತಾಳಕ್ಕೆ ಕಟ್ಟಿದ ಹಾಡಿಗೆ ತಬಲ ದಾರಿ ತೋರಿಸುತ್ತದೆ. ಕಂದಕ್ಕೆ ತಾಳವಿಲ್ಲ, ನಟನ ಉಸಿರೇ ಅಳತೆ. ದುರ್ಯೋಧನ ಮೊದಲ ಸಾಲು ಎತ್ತಿ ಕೊನೆಯ ಅಕ್ಷರವನ್ನು ಎಳೆಯುತ್ತಾನೆ. ಅವನ ದನಿ ಎಲ್ಲಿ ನಿಂತಿತೋ ಅಲ್ಲಿಂದ ಮೇಷ್ಟ್ರು ರಾಗವನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿ, ಮುಂದಿನ ಸಾಲಿನ ಮೊದಲ ಸ್ವರವನ್ನು ಅವನ ಕೈಗೇ ಕೊಟ್ಟಂತೆ ತಂದು ನಿಲ್ಲಿಸಬೇಕು. ಅಷ್ಟರಲ್ಲಿ ಅವನು ಉಸಿರು ತುಂಬಿಕೊಂಡು, ಮೀಸೆ ತಿರುವಿ, ಗದೆ ಹೊತ್ತು ರಂಗದ ತುದಿಗೆ ಬಂದಿರುತ್ತಾನೆ. ಸುತ್ತು ಉದ್ದವಾದರೆ ನಟ ಕಾಯುತ್ತ ನಿಲ್ಲುತ್ತಾನೆ, ಚಿಕ್ಕದಾದರೆ ಏದುಸಿರು ಬಿಡುತ್ತಾನೆ. ನಟ ಶ್ರುತಿ ತಪ್ಪಿದರೆ ಮೇಷ್ಟ್ರು ಕಣ್ಣುಹಾಯಿಸಿ ಆಧಾರಸ್ವರವನ್ನು ಒಂದಿಷ್ಟು ಜೋರಾಗಿ ಒತ್ತುತ್ತಾರೆ. ಮುಂದಿನ ಸಾಲಿನ ಚಾಪೆಗಳಲ್ಲಿ ಕೂತ ಹಿರಿಯರು ಇದನ್ನೆಲ್ಲ ಗಮನಿಸುತ್ತಿರುತ್ತಾರೆ.

ಅವರ ವಾದಗಳಿಗೆ ಕೊನೆಯಿಲ್ಲ. ಮೊದಲನೆಯದು ಹೊತ್ತಿನದು. ಪ್ರತಿ ಪದ್ಯಕ್ಕೂ 'ಒನ್ಸ್ ಮೋರ್' ಕೊಡುತ್ತ ಹೋದರೆ 'ಕುರುಕ್ಷೇತ್ರ'ದ ಸಂಧಾನ ಮುಗಿಯುವುದೇ ಬೆಳಗಿನ ಜಾವಕ್ಕೆ. ಕರ್ಣಾವಸಾನವನ್ನು ಹಗಲು ಬೆಳಕಿನಲ್ಲಿ ನೋಡಬೇಕಾಗುತ್ತದೆ. ಒಂದು ಗುಂಪಿಗೆ ಇದು ನಾಟಕ ಕೆಡಿಸುವ ಕೆಲಸ, ಇನ್ನೊಂದಕ್ಕೆ ಜನ ಬಂದದ್ದೇ ಇದಕ್ಕೆ. ಇನ್ನೊಂದು ವಾದ ಶೈಲಿಯದು. ದೇವನಹಳ್ಳಿ, ಹೊಸಕೋಟೆಗಳಲ್ಲಿ ಮನೆಮಾತು ತೆಲುಗು ಆಗಿರುವವರು ಬಹಳ. ರಾಗವನ್ನು ಮೇಲುಸ್ಥಾಯಿಯಲ್ಲಿ ಎಳೆದು ಎಳೆದು ಹಾಡುವ ತೆಲುಗು ಪದ್ಯನಾಟಕದ ರುಚಿ ಬಲ್ಲ ಅವರಿಗೆ ಆಲಾಪ ಎಷ್ಟಿದ್ದರೂ ಸಾಲದು. ಮಾತು ಸ್ಪಷ್ಟವಾಗಿ ಕೇಳಬೇಕು, ಅರ್ಥ ಮುಳುಗಬಾರದು ಎನ್ನುವವರು ಅದನ್ನು ಒಪ್ಪುವುದಿಲ್ಲ. ಮೇಷ್ಟ್ರೇ ಕಂಠ ಎತ್ತಿ ಹಾಡಿ ನಟನನ್ನು ಮುಚ್ಚಿಹಾಕಿದರು ಎಂಬ ದೂರು ಒಬ್ಬರದಾದರೆ, ಅವರು ಹಾಡದಿದ್ದರೆ ನಾಟಕ ಎಲ್ಲಿ ನಿಲ್ಲುತ್ತಿತ್ತು ಎಂಬ ಉತ್ತರ ಇನ್ನೊಬ್ಬರದು.

ಸಿನಿಮಾ ಈ ಜಗಳಕ್ಕೆ ಹೊಸ ಸರಕು ಒದಗಿಸಿತು. ಡಾ. ರಾಜಕುಮಾರ್ ಅವರ 'ಬಬ್ರುವಾಹನ' (1977) ಬಂದ ಮೇಲೆ ಪೌರಾಣಿಕ ಪಾತ್ರ ಮಾಡುವ ಹುಡುಗರೆಲ್ಲ ಆ ಗತ್ತಿನಲ್ಲೇ ಮಾತಾಡಲು, ಹಾಡಲು ಬಯಸಿದರು. ರಾಜಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೇ ಗುಬ್ಬಿ ಕಂಪನಿಯ ನಟರು. ಕಂಪನಿಯಿಂದ ಸಿನಿಮಾಕ್ಕೆ ಹೋದದ್ದು ಸಿನಿಮಾದಿಂದ ಹಳ್ಳಿಯ ರಂಗಕ್ಕೆ ಮರಳಿತು ಎನ್ನಬೇಕು. ಆದರೆ ಹಳೆಯ ಮಟ್ಟಿನ ಜಾಗದಲ್ಲಿ ಚಿತ್ರಗೀತೆಯ ಧಾಟಿಯನ್ನು ತಂದು ಕೂರಿಸಿದಾಗ ಹಿರಿಯರು ಸಿಟ್ಟಾದರು. ಅವರ ಸಿಟ್ಟು ನ್ಯಾಯವಾದದ್ದು. ಹಳೆಯ ಮಟ್ಟುಗಳು ಆ ಪದ್ಯದ ಛಂದಸ್ಸಿಗೆ ಒಗ್ಗಿ ಸವೆದು ನಯವಾದಂಥವು. ಚಿತ್ರಗೀತೆಯ ಧಾಟಿಗೆ ಪದ್ಯವನ್ನು ತುರುಕಿದರೆ ಮಾತು ತುಂಡಾಗುತ್ತದೆ.

1980ರ ದಶಕದ ಕ್ಯಾಸೆಟ್ಟುಗಳು ಇನ್ನೊಂದು ಬದಲಾವಣೆ ತಂದವು. ಅಲ್ಲಿಯವರೆಗೆ ಒಬ್ಬ ಮೇಷ್ಟ್ರ ಹಾಡು ಕೇಳಬೇಕಾದರೆ ನಾಟಕಕ್ಕೇ ಹೋಗಬೇಕಿತ್ತು. ಮನೆಯಲ್ಲೇ ಕೇಳುವಂತಾದ ಮೇಲೆ ಹೋಲಿಕೆ ಶುರುವಾಯಿತು. ಕ್ಯಾಸೆಟ್ಟಿನಲ್ಲಿ ಇದ್ದಂತೆ ರಂಗದ ಮೇಲೆ ಬರಲಿಲ್ಲ ಎನ್ನುವವರು ಒಂದು ಕಡೆ. ರಂಗದ ಮೇಲೆ ಎದುರಿನ ಜನರನ್ನು ನೋಡಿ ಹುಟ್ಟುವ ಹಾಡೇ ನಿಜವಾದದ್ದು, ಕ್ಯಾಸೆಟ್ಟಿನೊಳಗೆ ಹಿಡಿದಿಟ್ಟದ್ದು ಅದರ ನೆರಳು ಎನ್ನುವವರು ಇನ್ನೊಂದು ಕಡೆ. ಕಾಲು ಹಾರ್ಮೋನಿಯಂ ಅಪರೂಪವಾಯಿತು. ಕೀಬೋರ್ಡು, ರಿದಂ ಪ್ಯಾಡು ಬಂದವು. ಕೀಬೋರ್ಡಿನಲ್ಲಿ ಗುಂಡಿ ಒತ್ತಿ ಶ್ರುತಿ ಬದಲಿಸಬಹುದಾದ್ದರಿಂದ ಕಿರಿಯ ಮೇಷ್ಟ್ರುಗಳಿಗೆ ಅದು ಸಲೀಸು. ತಿದಿಯ ಒತ್ತಡದಿಂದ ದನಿಯನ್ನು ಉಬ್ಬಿಸುವ, ತಗ್ಗಿಸುವ ಜೀವಂತಿಕೆ ಅದರಲ್ಲಿ ಬಾರದು ಎಂಬುದು ಹಳಬರ ತಕರಾರು.

ಇಂಥ ವಾದ ಹಳ್ಳಿಗೆ ಸೀಮಿತವಲ್ಲ. ಬಾಲಕನಾಗಿದ್ದಾಗ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು 1970ರ ದಶಕದಲ್ಲಿ ಆಧುನಿಕ ನಾಟಕಗಳಿಗೆ ಹಾಡು ತಂದಾಗ ಬೆಂಗಳೂರಿನಲ್ಲಿಯೂ ಹಾಡು ಹೆಚ್ಚಾಯಿತೇ, ನಾಟಕ ಕಡಿಮೆಯಾಯಿತೇ ಎಂದು ಕೇಳಿದವರಿದ್ದರು. ಹಾರ್ಮೋನಿಯಂ ಮುಂದೆ ಕೂತು ಹಾಡುತ್ತಿದ್ದ ಸಿ. ಅಶ್ವತ್ಥ್ (1939–2009) ಭಾವಗೀತೆಯನ್ನು ಸಣ್ಣ ಸಭೆಯಿಂದ ಹೊರತಂದು 2005ರ 'ಕನ್ನಡವೇ ಸತ್ಯ' ಕಾರ್ಯಕ್ರಮದಲ್ಲಿ ಅರಮನೆ ಮೈದಾನದ ಜನಸಾಗರದ ಮುಂದೆ ನಿಲ್ಲಿಸಿದಾಗಲೂ, ಆ ಏರುದನಿ ಕವಿತೆಗೆ ಒಪ್ಪುತ್ತದೆಯೇ ಎಂಬ ಚರ್ಚೆ ಅಭಿಮಾನಿಗಳ ನಡುವೆ ಇದ್ದೇ ಇತ್ತು.

ಇಂದು ವಿಮಾನ ನಿಲ್ದಾಣ, ಕೈಗಾರಿಕಾ ಪ್ರದೇಶ, ಬಡಾವಣೆಗಳು ಈ ನಾಲ್ಕು ತಾಲ್ಲೂಕುಗಳ ಹೊಲಗಳನ್ನು ನುಂಗುತ್ತಿದ್ದರೂ ನಾಟಕ ನಿಂತಿಲ್ಲ. ಪಾಳಿ ಕೆಲಸ ಮುಗಿಸಿ ತಾಲೀಮಿಗೆ ಬರುವವರಿದ್ದಾರೆ, ಇಡೀ ರಾತ್ರಿಯ ಆಟವನ್ನು ಮೊಬೈಲಿನಲ್ಲಿ ಚಿತ್ರೀಕರಿಸುವವರಿದ್ದಾರೆ. ಕಂಪನಿಯಲ್ಲೇ ಕಲಿತ ತಲೆಮಾರು ಮಾತ್ರ ಬಹುತೇಕ ಮರೆಯಾಗಿದೆ. ಅವರ ಮಟ್ಟುಗಳು ಉಳಿದಿರುವುದು ಶಿಷ್ಯರ ಬೆರಳಲ್ಲಿ, ಅಟ್ಟದ ಮೇಲಿನ ಹಳೆಯ ಕ್ಯಾಸೆಟ್ಟುಗಳಲ್ಲಿ, ಪಾರ್ಟು ಬರೆದ ನೋಟ್‌ಬುಕ್ಕುಗಳಲ್ಲಿ. ಅಂಥ ಕ್ಯಾಸೆಟ್ಟು, ನೋಟ್‌ಬುಕ್ಕು ಮನೆಯಲ್ಲಿರುವವರು ಅದನ್ನು ಗುಜರಿಗೆ ಹಾಕದೆ, ಯಾವ ಊರು, ಯಾವ ವರ್ಷ, ಯಾವ ಮೇಷ್ಟ್ರು ಎಂದು ಬರೆದು, ಒಂದು ಪ್ರತಿ ಮಾಡಿಸಿ ಬೆಂಗಳೂರಿನ ಕರ್ನಾಟಕ ನಾಟಕ ಅಕಾಡೆಮಿಗೆ ತಲುಪಿಸಬೇಕು.